ಹೊಸ ಕಾರು 15 ವರ್ಷ ಬಾಳಿಕೆ ಬರಬೇಕೆಂದರೆ: ಮಿಷಿಗನ್‌ಗೆ ಹೊಸದಾಗಿ ಬಂದವರಿಗೆ

ಮಿಷಿಗನ್‌ಗೆ ಬಂದು ಒಂದೆರಡು ವರ್ಷ ಆಗುವಷ್ಟರಲ್ಲಿ ನಮ್ಮವರು ಬಹುಪಾಲು ಹೊಸ ಕಾರು ತಗೊಂಡಿರುತ್ತಾರೆ. ಸಾಲ ಐದಾರು ವರ್ಷದ್ದು. ಕಂತು ತೀರಿದ ಮೇಲೂ ಅದೇ ಕಾರು ಇನ್ನೂ ಎಂಟು ಹತ್ತು ವರ್ಷ ಓಡಿದರೆ ಮನೆಖರ್ಚಿಗೆ ಎಷ್ಟು ದೊಡ್ಡ ಆಸರೆ ಅನ್ನುವುದು ಆಮೇಲೆ ಗೊತ್ತಾಗುತ್ತದೆ. ನನ್ನ ಮೊದಲ ಹೊಸ ಕಾರು ಒಂಬತ್ತೇ ವರ್ಷಕ್ಕೆ ಗುಜರಿಗೆ ಹೋಯಿತು. ಇಂಜಿನ್ ಗಟ್ಟಿಮುಟ್ಟಾಗಿತ್ತು. ಕೆಳಗಿನ ಕಬ್ಬಿಣ ಮಾತ್ರ ತುಕ್ಕು ಹಿಡಿದು ಪದರ ಪದರವಾಗಿ ಉದುರುತ್ತಿತ್ತು. ಈಗಿರುವ ಕಾರಿಗೆ 14 ವರ್ಷ. ದಿನಾ ಆಫೀಸಿಗೆ ಹೋಗಿ ಬರುತ್ತದೆ. ಎರಡೂ ಒಂದೇ ಕಂಪನಿಯ ಕಾರುಗಳು, ನೋಡಿಕೊಂಡ ರೀತಿ ಬೇರೆ.

ಮೊದಲು ಗ್ಲೋವ್ ಬಾಕ್ಸ್‌ನಲ್ಲಿರುವ ಮ್ಯಾನುಯಲ್ ತೆಗೆದು ಸರ್ವಿಸ್ ಪಟ್ಟಿ ಓದಿ. ಬಹಳಷ್ಟು ಕಾರುಗಳಿಗೆ ಎರಡು ಪಟ್ಟಿ ಇರುತ್ತವೆ. ಒಂದು ಸಾಮಾನ್ಯ ಬಳಕೆಗೆ, ಇನ್ನೊಂದು ಕಷ್ಟದ ಬಳಕೆಗೆ. ಕಷ್ಟದ ಬಳಕೆ ಅಂದ ತಕ್ಷಣ ಟ್ರೈಲರ್ ಎಳೆಯುವವರಿಗೆ, ಗುಡ್ಡ ಹತ್ತಿಸುವವರಿಗೆ ಅಂದುಕೊಂಡು ಪುಟ ತಿರುಗಿಸಿಬಿಡುತ್ತೇವೆ. ಅದರ ಕೆಳಗಿನ ಸಣ್ಣ ಅಕ್ಷರ ಓದಿ ನೋಡಿ. ಕೊರೆಯುವ ಚಳಿಯಲ್ಲಿ ಐದು ಹತ್ತು ಮೈಲಿಯೊಳಗಿನ ಓಡಾಟ, ನಿಂತಲ್ಲೇ ತುಂಬಾ ಹೊತ್ತು ಇಂಜಿನ್ ಚಾಲೂ ಇಡುವುದು, ಇವೂ ಅದರಲ್ಲಿರುತ್ತವೆ. ಡೇಕೇರ್ ಎರಡು ಮೈಲಿ, ಆಫೀಸು ನಾಲ್ಕು ಮೈಲಿ, ದಿನಸಿ ಅಂಗಡಿ ಒಂದೂವರೆ ಮೈಲಿ. ಇದು ನಮ್ಮದೇ ದಿನಚರಿ ಅಲ್ವಾ? ಹೊಸದಾಗಿ ಬಂದವರ ಬದುಕೇ ಕಾರಿಗೆ ಕಷ್ಟದ ಬಳಕೆ. ಇದೊಂದು ಮನಸ್ಸಿನಲ್ಲಿರಲಿ.

ಹತ್ತಿರದ ಓಡಾಟ ಯಾಕೆ ಕಷ್ಟ? ಪೆಟ್ರೋಲ್ ಉರಿದಾಗ ನೀರಿನ ಆವಿಯೂ ಹುಟ್ಟುತ್ತದೆ. ತಣ್ಣಗಿರುವ ಇಂಜಿನ್‌ನಲ್ಲಿ ಆ ನೀರು, ಜೊತೆಗೆ ಉರಿಯದೆ ಉಳಿದ ಸ್ವಲ್ಪ ಪೆಟ್ರೋಲ್, ಎರಡೂ ಆಯಿಲ್ ಜೊತೆ ಸೇರುತ್ತವೆ. ಅರ್ಧ ಗಂಟೆ ಓಡಿದರೆ ಆಯಿಲ್ ಬಿಸಿಯಾಗಿ ಅವು ಆರಿ ಹೋಗುತ್ತವೆ. ಎರಡು ಮೈಲಿಗೆ ನಿಲ್ಲಿಸಿದರೆ ಅಲ್ಲೇ ಉಳಿಯುತ್ತವೆ. ಜನವರಿಯಲ್ಲಿ ಒಂದು ಸಲ ಆಯಿಲ್ ಹುಯ್ಯುವ ಮುಚ್ಚಳ ತೆಗೆದು ಒಳಮೈ ನೋಡಿ. ಕಾಫಿ ಮೇಲಿನ ಕೆನೆಯಂಥ ಮಾಸಲು ಪದರ ಅಂಟಿಕೊಂಡಿದ್ದರೆ ಅದು ಇದೇ ನೀರು. ಸಾಮಾನ್ಯವಾಗಿ ಗಾಬರಿ ಬೇಡ, ಒಂದೆರಡು ಸಲ ಹೈವೇಯಲ್ಲಿ ದೂರ ಓಡಿಸಿದರೆ ಹೋಗುತ್ತದೆ. ಆದರೆ ಆಯಿಲ್ ಮಟ್ಟ ನೋಡುವ ಕಡ್ಡಿ, ಅಂದರೆ ಡಿಪ್‌ಸ್ಟಿಕ್ ಮೇಲಿನ ಆಯಿಲ್ಲೂ ಹಾಲಿನ ಬಣ್ಣಕ್ಕೆ ತಿರುಗಿ, ಇಂಜಿನ್ ತಣ್ಣಗಿಡುವ ಕೂಲಂಟ್ ದ್ರವದ ಮಟ್ಟ ಕೂಡ ಇಳಿಯುತ್ತಿದ್ದರೆ ಓಡಿಸಬೇಡಿ. ಟೋ ಮಾಡಿಸಿ ಮೆಕ್ಯಾನಿಕ್ ಹತ್ತಿರ ಒಯ್ಯಿರಿ.

ಈಗಿನ ಸಿಂಥೆಟಿಕ್ ಆಯಿಲ್‌ಗೆ 10,000 ಮೈಲಿ ಅಥವಾ ಒಂದು ವರ್ಷ ಅಂತ ಕೆಲವು ಕಂಪನಿಗಳು ಬರೆಯುತ್ತವೆ. ನಮ್ಮಂಥ ಓಡಾಟಕ್ಕೆ ನಾನು 5,000 ಮೈಲಿ ಅಥವಾ ಆರು ತಿಂಗಳು, ಯಾವುದು ಮೊದಲೋ ಅದಕ್ಕೆ ಬದಲಿಸುತ್ತೇನೆ. ಆಯಿಲ್ ಎಷ್ಟು ತೆಳು, ಎಷ್ಟು ಮಂದ ಅಂತ ತಿಳಿಸುವ ಗ್ರೇಡ್ ಮಾತ್ರ ಮ್ಯಾನುಯಲ್ ಹೇಳಿದ್ದೇ ಇರಲಿ. 0ಡಬ್ಲ್ಯೂ-20 ಅಂದಿದ್ದರೆ ಅದೇ. ವಾರಕ್ಕೊಂದು ಸಲ ಅರ್ಧ ಗಂಟೆ ಹೈವೇ ಓಡಾಟ ಕೊಡಿ. ಬೆಳಿಗ್ಗೆ ಹದಿನೈದು ನಿಮಿಷ ಸುಮ್ನೆ ಇಂಜಿನ್ ಆನ್ ಮಾಡಿಟ್ಟು ಬಿಸಿ ಮಾಡುವುದು ಬೇಡ. ಗಾಜಿನ ಮೇಲಿನ ಹಿಮ ಕೆರೆಯುವಷ್ಟು ಹೊತ್ತು ಸಾಕು, ಆಮೇಲೆ ಮೊದಲ ಕೆಲವು ಮೈಲಿ ನಿಧಾನವಾಗಿ ಓಡಿಸಿ. ಹೊಚ್ಚ ಹೊಸ ಕಾರಿಗೆ ಮೊದಲ 1,000 ಮೈಲಿ ಜೋರಾಗಿ ಆಕ್ಸಿಲರೇಟರ್ ಒತ್ತುವುದು ಬೇಡ, ಒಂದೇ ವೇಗದಲ್ಲಿ ಗಂಟೆಗಟ್ಟಲೆ ಓಡಿಸುವುದೂ ಬೇಡ.

ಇನ್ನು ಉಪ್ಪು. ನನ್ನ ಮೊದಲ ಕಾರನ್ನು ಕಳೆದದ್ದು ಇದೇ. ಚಳಿಗಾಲದಲ್ಲಿ ರಸ್ತೆಯ ಮಂಜುಗಡ್ಡೆ ಕರಗಿಸಲು ಉಪ್ಪು ಚೆಲ್ಲುತ್ತಾರೆ. ಡೆಟ್ರಾಯಿಟ್ ನಗರದ ಕೆಳಗೇ ಸಾವಿರ ಅಡಿಗೂ ಆಳದಲ್ಲಿ ಉಪ್ಪಿನ ಗಣಿ ಇದೆ. ನಮ್ಮ ರಸ್ತೆಗಳಿಗೆ ಬೀಳುವ ಉಪ್ಪಿನಲ್ಲಿ ಅಲ್ಲಿಯದ್ದೂ ಇದೆ. ಕಾರಿನ ಮೇಲ್ಭಾಗ ಬೆಳ್ಳಗಾದದ್ದು ಎಲ್ಲರಿಗೂ ಕಾಣುತ್ತದೆ, ತೊಳೆಯುತ್ತೇವೆ. ಆದರೆ ಬಣ್ಣ ಹಚ್ಚಿದ ಆ ತಗಡಿಗಿಂತ ಕೆಳಗಿನ ಬ್ರೇಕ್ ಪೈಪು, ಚೌಕಟ್ಟು, ಬೋಲ್ಟುಗಳು ಬೇಗ ಹೋಗುತ್ತವೆ. ಒಂದು ಸಲ ಮೊಣಕಾಲೂರಿ ಕೂತು, ಮೊಬೈಲ್ ಟಾರ್ಚ್ ಹಾಕಿ ಚಕ್ರದ ಹಿಂದಿನ ಸಂದಿ ನೋಡಿ. ಬೆರಳಾಡಿಸಿದರೆ ಒದ್ದೆ ಮಣ್ಣು, ಉಪ್ಪು ಸೇರಿ ಮುದ್ದೆ ಕಟ್ಟಿದ್ದು ಕೈಗೆ ಬರುತ್ತದೆ. ಆ ಮುದ್ದೆ ಅಲ್ಲೇ ತಿಂಗಳುಗಟ್ಟಲೆ ಕೂತು ಕಬ್ಬಿಣ ತಿನ್ನುತ್ತದೆ.

ಅದಕ್ಕೇ ಚಳಿಗಾಲದಲ್ಲಿ ಹತ್ತು ಹದಿನೈದು ದಿನಕ್ಕೊಮ್ಮೆ, ಕೆಳಗಿನಿಂದ ನೀರು ಹೊಡೆಯುವ ಕಾರ್ ವಾಷ್‌ಗೆ ಹೋಗಿ. ದಿನ ನೋಡಿಕೊಂಡು ಹೋಗಿ. ತಾಪಮಾನ 35-40 ಡಿಗ್ರಿ ಫ್ಯಾರನ್‌ಹೀಟ್‌ಗೆ ಏರಿದ ದಿನ ಒಳ್ಳೆಯದು. ಕೊರೆಯುವ ಚಳಿಯಲ್ಲಿ ತುಕ್ಕು ನಿಧಾನ, ಹಿಮ ಕರಗಿ ಒದ್ದೆಯಾದಾಗಲೇ ಜೋರು. ಅಷ್ಟೇ ಅಲ್ಲ, 10 ಡಿಗ್ರಿಯಲ್ಲಿ ತೊಳೆಸಿದರೆ ಬಾಗಿಲ ರಬ್ಬರಿನಲ್ಲಿ ನೀರು ಗಡ್ಡೆಕಟ್ಟಿ ಬಾಗಿಲೇ ತೆರೆಯುವುದಿಲ್ಲ. ಏಪ್ರಿಲ್‌ನಲ್ಲಿ ಉಪ್ಪು ನಿಂತ ಮೇಲೆ ಒಂದು ಸಲ ಪೂರ್ತಿ ತೊಳೆಸಿ. ಬಾಗಿಲುಗಳ ಕೆಳ ಅಂಚಿನಲ್ಲಿ ನೀರಿಳಿಯುವ ಸಣ್ಣ ತೂತುಗಳಿರುತ್ತವೆ, ಅವು ಕಟ್ಟಿಕೊಂಡಿದ್ದರೆ ಹಲ್ಲುಕಡ್ಡಿಯಲ್ಲಿ ಬಿಡಿಸಿ.

ತುಕ್ಕು ತಡೆಗೆ ಅಂತ ಕಾರು ಕೊಳ್ಳುವ ದಿನವೇ ಡೀಲರ್ ಕಾಗದಪತ್ರಕ್ಕೆ ಸಹಿ ಹಾಕಿಸುವ ಕೋಣೆಯಲ್ಲಿ ಒಂದು ಪ್ಯಾಕೇಜ್ ಮುಂದಿಡುತ್ತಾರೆ. ಅದನ್ನು ನಾನು ತಗೊಳ್ಳುವುದಿಲ್ಲ. ಗಟ್ಟಿಯಾಗಿ ಒಣಗುವ ರಬ್ಬರಿನ ಲೇಪ ಬಿರುಕು ಬಿಟ್ಟರೆ ನೀರು ಅದರ ಒಳಗೇ ಸಿಕ್ಕಿಹಾಕಿಕೊಳ್ಳುತ್ತದೆ. ಅದರ ಬದಲು ಪ್ರತಿ ಅಕ್ಟೋಬರ್‌ನಲ್ಲಿ ಎಣ್ಣೆಯಂತೆ ಜಿಡ್ಡಾಗಿರುವ, ಲ್ಯಾನೋಲಿನ್ (ಕುರಿ ಉಣ್ಣೆಯ ಜಿಡ್ಡು) ತರಹದ ಲೇಪ ಹೊಡೆಸಿ. ಈಗಿನ ಕಾರಿಗೆ ಮೊದಲ ವರ್ಷದಿಂದ ಇದನ್ನೇ ಮಾಡಿಸುತ್ತಿದ್ದೇನೆ. ಕಾರು ಹಳತಾದ ಮೇಲೆ ಶುರು ಮಾಡಿದರೆ ಪ್ರಯೋಜನ ಕಡಿಮೆ.

ಮಿಷಿಗನ್‌ನಲ್ಲಿ ಕಾರಿಗೆ ವರ್ಷದ ತಪಾಸಣೆ ಇಲ್ಲ. ನ್ಯೂಯಾರ್ಕ್, ಮ್ಯಾಸಚೂಸೆಟ್ಸ್‌ನಂಥ ರಾಜ್ಯಗಳಲ್ಲಿ ಇದೆ. ಇಲ್ಲಿ ನಾವೇ ವರ್ಷಕ್ಕೊಮ್ಮೆ ಕಾರನ್ನು ಲಿಫ್ಟ್ ಮೇಲೆ ಏರಿಸಿ ತೋರಿಸಿಕೊಳ್ಳಬೇಕು.

ಸರ್ವಿಸ್ ಎಲ್ಲಿ ಮಾಡಿಸಬೇಕು ಅನ್ನುವುದು ಹೊಸಬರು ಜಾಸ್ತಿ ಕೇಳುವ ಪ್ರಶ್ನೆ. ಡೀಲರ್ ಬಿಟ್ಟು ಬೇರೆ ಕಡೆ ಮಾಡಿಸಿದರೆ ವಾರಂಟಿ ಹೋಗುತ್ತದೆ ಅನ್ನುವ ಹೆದರಿಕೆ ಬೇಡ. 1975ರ ಮ್ಯಾಗ್ನುಸನ್-ಮಾಸ್ ಕಾಯ್ದೆ ಪ್ರಕಾರ, ಹೊರಗೆ ಸರ್ವಿಸ್ ಮಾಡಿಸಿದ ಒಂದೇ ಕಾರಣಕ್ಕೆ ವಾರಂಟಿ ನಿರಾಕರಿಸುವಂತಿಲ್ಲ. ಆದರೆ ಸಮಯಕ್ಕೆ ಸರಿಯಾಗಿ ಮಾಡಿಸಿದ್ದಕ್ಕೆ ರಸೀದಿ ಇರಬೇಕು. ತಾರೀಖು, ಎಷ್ಟು ಮೈಲಿ ಓಡಿದೆ, ಯಾವ ಆಯಿಲ್ ಹಾಕಿದರು, ಮೂರೂ ಅದರಲ್ಲಿರಲಿ. ಮನೆಯಲ್ಲೇ ಬದಲಿಸಿದರೂ ಆಯಿಲ್, ಫಿಲ್ಟರ್ ಕೊಂಡ ಚೀಟಿ ಇಟ್ಟುಕೊಳ್ಳಿ. ನಾನು ರಸೀದಿ ಸಿಕ್ಕ ತಕ್ಷಣ ಫೋಟೋ ತೆಗೆಯುತ್ತೇನೆ, ಯಾಕೆಂದರೆ ಆ ಕಾಗದದ ಅಕ್ಷರ ಎರಡು ವರ್ಷದಲ್ಲಿ ಮಾಸಿಹೋಗುತ್ತದೆ. ಇಲ್ಲಿನ ಇನ್ನೊಂದು ವಾರಂಟಿ ಬಹಳ ಜನಕ್ಕೆ ಗೊತ್ತಿಲ್ಲ. ಹೊಗೆ ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ ಮತ್ತು ಇಂಜಿನ್ ಕಂಪ್ಯೂಟರ್‌ಗೆ ಫೆಡರಲ್ ನಿಯಮದಂತೆ 8 ವರ್ಷ ಅಥವಾ 80,000 ಮೈಲಿ ಇರುತ್ತದೆ. ದುಬಾರಿ ಭಾಗಗಳು. ಕೈಯಿಂದ ದುಡ್ಡು ಹಾಕುವ ಮೊದಲು ಕೇಳಿ.

ಹತ್ತು ನಿಮಿಷದಲ್ಲಿ ಆಯಿಲ್ ಬದಲಿಸುವ ಕಡೆ ಒಂದು ಸಲ ಅವಸರಕ್ಕೆ ಹೋಗಿದ್ದೆ. ಮಾರನೇ ದಿನ ಕಾರು ನಿಲ್ಲಿಸಿದ ಜಾಗದಲ್ಲಿ ತಟ್ಟೆಯಷ್ಟು ಅಗಲದ ಕಪ್ಪು ಕಲೆ. ಕೆಳಗಿನ ಬೋಲ್ಟ್ ಸರಿಯಾಗಿ ಬಿಗಿಸಿರಲಿಲ್ಲ. ಆವತ್ತು ಡಿಪ್‌ಸ್ಟಿಕ್ ಎಳೆದು ನೋಡದೆ ಹೈವೇಗೆ ಹೋಗಿದ್ದರೆ ಇಂಜಿನ್ನೇ ಹೋಗುತ್ತಿತ್ತು. ಆಮೇಲಿಂದ ಎಲ್ಲಿ ಮಾಡಿಸಿದರೂ ಮನೆಗೆ ಬಂದು ಆಯಿಲ್ ಮಟ್ಟ ನೋಡುತ್ತೇನೆ, ಬೆಳಿಗ್ಗೆ ಕಾರಿನ ಕೆಳಗೆ ಒಂದು ಕಣ್ಣು ಹಾಯಿಸುತ್ತೇನೆ. ಬ್ರೇಕ್ ಫ್ಲೂಯಿಡ್ ನೀರು ಹೀರಿಕೊಳ್ಳುವಂಥದ್ದು, ಎರಡು ಮೂರು ವರ್ಷಕ್ಕೊಮ್ಮೆ ಬದಲಿಸಿ. ಗೇರ್‌ಬಾಕ್ಸ್ ಆಯಿಲ್ ಬದಲಿಸುವುದೇ ಬೇಡ ಅಂತ ಯಾರಾದರೂ ಹೇಳಿದರೂ, ಕಾರು 15 ವರ್ಷ ಬೇಕು ಅನ್ನುವವರು 60,000 ಮೈಲಿ ಹೊತ್ತಿಗೆ ಬದಲಿಸುವುದು ಒಳ್ಳೆಯದು. ಇಂಜಿನ್ನಿನ ಏರ್ ಫಿಲ್ಟರ್ ಮತ್ತು ನಾವು ಕೂರುವ ಜಾಗದ ಏರ್ ಫಿಲ್ಟರ್ ನೀವೇ ಹಾಕಬಹುದು, ಹೆಚ್ಚಿನ ಕಾರುಗಳಲ್ಲಿ ಹತ್ತು ನಿಮಿಷದ ಕೆಲಸ.

ಟೈರಿನ ಗಾಳಿ ಎಷ್ಟು ಅನ್ನುವುದು ಟೈರ್ ಮೇಲೆ ಬರೆದದ್ದಲ್ಲ, ಅದು ಆ ಟೈರ್ ತಡೆಯುವ ಗರಿಷ್ಠ. ಡ್ರೈವರ್ ಬಾಗಿಲು ತೆರೆದರೆ ಕಂಬದ ಮೇಲೆ ಅಂಟಿಸಿದ ಚೀಟಿ ನೋಡಿ. ಪ್ರತಿ 10 ಡಿಗ್ರಿ ಫ್ಯಾರನ್‌ಹೀಟ್ ಇಳಿದಾಗ ಗಾಳಿ ಸುಮಾರು 1 ಪಿಎಸ್‌ಐ (ಗಾಳಿಯ ಒತ್ತಡದ ಅಳತೆ) ಇಳಿಯುತ್ತದೆ. ಸೆಪ್ಟೆಂಬರ್‌ನ 70 ಡಿಗ್ರಿಯಿಂದ ಜನವರಿಯ 10 ಡಿಗ್ರಿಗೆ ಬಂದರೆ ಆರು ಪಿಎಸ್‌ಐ ಹೋಯಿತು. ಎಚ್ಚರಿಕೆಯ ದೀಪ ಹೊತ್ತುವುದು ಶೇಕಡ 25 ಇಳಿದ ಮೇಲೆ. ಅಲ್ಲಿವರೆಗೆ ಕಾಯಬೇಡಿ. ವೈಪರ್ ನೀರಿನ ಡಬ್ಬಿಗೆ ನಲ್ಲಿ ನೀರು ಹಾಕಬೇಡಿ, ಗಡ್ಡೆಕಟ್ಟಿ ಡಬ್ಬಿ ಒಡೆಯುತ್ತದೆ.

ಮನೆ ಬದಲಿಸಿದಾಗ ಕಾರಿನ ರಿಜಿಸ್ಟ್ರೇಷನ್‌ನಲ್ಲೂ ವಿಳಾಸ ಬದಲಿಸಿ. ಹೊಸಬರು ಮೂರು ವರ್ಷದಲ್ಲಿ ನಾಲ್ಕು ಅಪಾರ್ಟ್‌ಮೆಂಟ್ ನೋಡಿರುತ್ತಾರೆ, ದೋಷ ಸರಿಪಡಿಸಲು ಕಾರು ತನ್ನಿ ಅಂತ ಕಂಪನಿ ಕಳಿಸುವ ರೀಕಾಲ್ ಪತ್ರ ಹಳೇ ವಿಳಾಸಕ್ಕೆ ಹೋಗುತ್ತದೆ. ತಕಾಟಾ ಕಂಪನಿಯ ಏರ್‌ಬ್ಯಾಗ್ ರೀಕಾಲ್ ನೆನಪಿರಬಹುದು. ಪ್ರಾಣ ಉಳಿಸಬೇಕಾದ ಸಾಧನವೇ ಸಿಡಿದು ಜನ ಸತ್ತರು. ವರ್ಷಕ್ಕೆ ಎರಡು ಸಲ ಇಲ್ಲಿನ ಸರ್ಕಾರದ ರಸ್ತೆ ಸುರಕ್ಷತಾ ಸಂಸ್ಥೆ ಎನ್‌ಎಚ್‌ಟಿಎಸ್‌ಎ ಜಾಲತಾಣದಲ್ಲಿ ನಿಮ್ಮ ಕಾರಿನ ಗುರುತಾದ 17 ಅಕ್ಷರದ ವಿನ್ ಸಂಖ್ಯೆ ಹಾಕಿ ನೋಡಿ. ಮುಂದಿನ ಗಾಜಿನ ಕೆಳಮೂಲೆಯಲ್ಲಿ, ಡ್ರೈವರ್ ಕಡೆ ಅದು ಕಾಣುತ್ತದೆ. ಕಾರು ಕೊಂಡ 15 ವರ್ಷದವರೆಗೆ ಸುರಕ್ಷತೆಯ ರೀಕಾಲ್ ರಿಪೇರಿ ಉಚಿತ.

ಕೊನೆಯದಾಗಿ ಊರಿಗೆ ಹೋಗುವಾಗ. ಡಿಸೆಂಬರ್‌ನಲ್ಲಿ ಐದು ವಾರ ಕಾರು ಒಂದೇ ಕಡೆ ನಿಂತರೆ ಬ್ಯಾಟರಿ ಸಾಯುವ ಸಾಧ್ಯತೆ ಜಾಸ್ತಿ. ಮನೆಗೆ ಗ್ಯಾರೇಜ್ ಇದ್ದರೆ ಬ್ಯಾಟರಿ ಮೇಂಟೇನರ್ (ನಿಧಾನವಾಗಿ ಚಾರ್ಜ್ ಮಾಡುತ್ತಿರುವ ಸಾಧನ) ಹಚ್ಚಿ ಹೋಗಿ. ಇಲ್ಲದಿದ್ದರೆ ಸ್ನೇಹಿತರಿಗೆ ಕೀ ಕೊಟ್ಟು ವಾರಕ್ಕೊಮ್ಮೆ ಅರ್ಧ ಗಂಟೆ ಓಡಿಸಲು ಹೇಳಿ. ಅವರು ಓಡಿಸಿದರೆ ವಿಮೆ ಅನ್ವಯಿಸುತ್ತದಾ ಅಂತ ಕಂಪನಿಗೆ ಮೊದಲೇ ಕೇಳಿ. ದುಡ್ಡು ಉಳಿಸಲು ವಿಮೆ ನಿಲ್ಲಿಸಬೇಡಿ, ನಡುವೆ ಕಡಿದುಹೋದರೆ ಮುಂದೆ ಕಂತು ಏರುತ್ತದೆ. ಟ್ಯಾಂಕ್ ತುಂಬಿಸಿ, ಕೆಳಭಾಗ ತೊಳೆಸಿ. ಮಕ್ಕಳ ಸೀಟಿನ ಕೆಳಗಿನ ತಿಂಡಿಯ ಚೂರು ಸಹ ಗುಡಿಸಿ, ಇಲಿಗಳು ಅದನ್ನು ಹುಡುಕಿಕೊಂಡು ಬಂದು ವೈರ್ ಕಡಿಯುತ್ತವೆ. ಸಮತಟ್ಟಾದ ಜಾಗದಲ್ಲಿ ಪಿ ಗೇರ್‌ಗೆ ಹಾಕಿ ನಿಲ್ಲಿಸಿ, ಪಾರ್ಕಿಂಗ್ ಬ್ರೇಕ್ ಎಳೆಯಬೇಡಿ. ಒದ್ದೆ ಚಳಿಯಲ್ಲಿ ಪ್ಯಾಡ್ ಡಿಸ್ಕಿಗೆ ಅಂಟಿಕೊಳ್ಳುತ್ತದೆ. ತಾನಾಗಿ ಬೀಳುವ ಎಲೆಕ್ಟ್ರಿಕ್ ಬ್ರೇಕ್ ಇದ್ದರೆ ಅದನ್ನು ಬಿಡಿಸುವ ಕ್ರಮ ಮ್ಯಾನುಯಲ್‌ನಲ್ಲಿದೆ. ವಾಪಸ್ ಬಂದು ಮೊದಲ ಸಲ ಓಡಿಸುವಾಗ ಬ್ರೇಕ್ ಕಿರಗುಟ್ಟುತ್ತದೆ. ಡಿಸ್ಕಿನ ಮೇಲಿನ ತೆಳು ತುಕ್ಕು ಅದು. ಖಾಲಿ ರಸ್ತೆಯಲ್ಲಿ ಏಳೆಂಟು ಸಲ ನಿಧಾನಕ್ಕೆ ಬ್ರೇಕ್ ಒತ್ತಿದರೆ ಹೋಗುತ್ತದೆ. ಆಮೇಲೂ ಸದ್ದು ನಿಲ್ಲದಿದ್ದರೆ ಅದೇ ವಾರ ಗ್ಯಾರೇಜಿಗೆ ಒಯ್ಯಿರಿ.