ಅಗಲದ ಮಾನಿಟರ್ ಕೊಳ್ಳುವ ಮುನ್ನ ಎತ್ತರ ಅಳೆಯಿರಿ

ಎಡಗಡೆ ಇಂಗ್ಲಿಷ್ ಮೂಲ, ಬಲಗಡೆ ನನ್ನ ಕನ್ನಡ ಅನುವಾದ, ನಡುವೆ ನಿಘಂಟು. ನನ್ನ ದಿನದ ಕೆಲಸಕ್ಕೆ ಈ ಮೂರೂ ಒಟ್ಟಿಗೆ ಕಾಣಬೇಕು. 14 ಇಂಚಿನ ಲ್ಯಾಪ್‌ಟಾಪ್‌ನಲ್ಲಿ ಒಂದನ್ನು ತೆರೆದರೆ ಇನ್ನೊಂದು ಮರೆಯಾಗುತ್ತದೆ. ಎಕ್ಸೆಲ್‌ನಲ್ಲಿ ಲೆಕ್ಕ ನೋಡುವವರು, ಕೋಡ್ ಬರೆಯುವವರು, ಮದುವೆ ವಿಡಿಯೋ ಎಡಿಟ್ ಮಾಡುವವರು, ಎಲ್ಲರದ್ದೂ ಇದೇ ಪಾಡು. ಹಾಗಾಗಿ ಅಲ್ಟ್ರಾವೈಡ್ ಮಾನಿಟರ್ ಕಡೆ ಮನಸ್ಸು ಹೋಗುತ್ತದೆ. ಮಾಮೂಲಿ ಸ್ಕ್ರೀನ್ 16:9 ಅಳತೆಯದ್ದು. ಇದು 21:9. ಅಂದರೆ ಎತ್ತರ ಅಷ್ಟೇ ಇದ್ದು, ಅಗಲ ಸುಮಾರು ಮೂರನೇ ಒಂದು ಭಾಗ ಜಾಸ್ತಿ.

ಸುಮಾರು 15 ಸಾವಿರದಿಂದ 35 ಸಾವಿರ ರೂಪಾಯಿಯೊಳಗೆ, ಮನೆಗೂ ಆಫೀಸ್ ಕೆಲಸಕ್ಕೂ ಒಂದೇ ಮಾನಿಟರ್ ಬೇಕು ಅನ್ನುವವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಈ ಬೆಲೆಯಲ್ಲಿ ಒಳ್ಳೆಯವೂ ಇವೆ, ಕೊಂಡಮೇಲೆ ಬೇಸರ ತರುವವೂ ಇವೆ.

ಟೇಪು ಹಿಡಿದು ಶುರು ಮಾಡಿ

ಮಾನಿಟರ್‌ನ ಇಂಚು ಅಂದರೆ ಒಂದು ಮೂಲೆಯಿಂದ ಎದುರು ಮೂಲೆಗೆ ಓರೆಯಾಗಿ ಹಿಡಿದ ಅಳತೆ. ಸ್ಕ್ರೀನ್ ಉದ್ದವಾದಷ್ಟೂ ಈ ಸಂಖ್ಯೆ ನಮ್ಮನ್ನು ದಾರಿ ತಪ್ಪಿಸುತ್ತದೆ. 29 ಇಂಚಿನ ಅಲ್ಟ್ರಾವೈಡ್, ಮನೆಯಲ್ಲಿರುವ 24 ಇಂಚಿನದಕ್ಕಿಂತ ಎಲ್ಲ ಕಡೆಯಿಂದಲೂ ದೊಡ್ಡದು ಅಂದುಕೊಳ್ಳುತ್ತೇವೆ, ಅಲ್ವಾ? ಹಾಗಿಲ್ಲ. 24 ಇಂಚಿನ ಮಾಮೂಲಿ ಸ್ಕ್ರೀನ್ ಸುಮಾರು 30 ಸೆಂಟಿಮೀಟರ್ ಎತ್ತರ ಇರುತ್ತದೆ. 29 ಇಂಚಿನ ಅಲ್ಟ್ರಾವೈಡ್ ಎತ್ತರ 28.6 ಸೆಂಟಿಮೀಟರ್ ಮಾತ್ರ. ಅಗಲ 68 ಸೆಂಟಿಮೀಟರ್. 34 ಇಂಚಿನದು ಸುಮಾರು 80 ಸೆಂಟಿಮೀಟರ್ ಅಗಲ, 33 ಸೆಂಟಿಮೀಟರ್ ಎತ್ತರ. ಅದರ ಎತ್ತರ 27 ಇಂಚಿನ ಮಾಮೂಲಿ ಮಾನಿಟರ್‌ನಷ್ಟೇ.

ಹಳೆಯ ದಿನಪತ್ರಿಕೆಯ ಹಾಳೆಗಳನ್ನು ಜೋಡಿಸಿ ಈ ಅಳತೆಗೆ ಕತ್ತರಿಸಿ, ಮೇಜಿನ ಹಿಂದಿನ ಗೋಡೆಗೆ ಅಂಟಿಸಿ. ಕುರ್ಚಿಯಲ್ಲಿ ಕೂತು ಕೈ ಚಾಚಿ. ಬೆರಳ ತುದಿ ಗೋಡೆಯ ಹತ್ತಿರ ಬರಬೇಕು. ಅಷ್ಟು ದೂರದಲ್ಲಿ ಕತ್ತು ಅತ್ತಿತ್ತ ಹೊರಳಿಸದೆ ಎರಡೂ ತುದಿ ಕಾಣುತ್ತದೆಯೇ ನೋಡಿ. ಸ್ಟ್ಯಾಂಡ್‌ನ ಕಾಲುಗಳು ಮುಂದಕ್ಕೆ ಚಾಚಿಕೊಂಡಿರುತ್ತವೆ. ಹಾಗಾಗಿ ಮೇಜು 60 ಸೆಂಟಿಮೀಟರ್ ಆಳವಾದರೂ ಇರಲಿ. ಅದಕ್ಕಿಂತ ಕಿರಿದಾದರೆ 34 ಇಂಚು ಮುಖಕ್ಕೆ ತೀರಾ ಹತ್ತಿರವಾಗುತ್ತದೆ, ಕೀಬೋರ್ಡ್‌ಗೂ ಜಾಗ ಉಳಿಯುವುದಿಲ್ಲ.

ಎತ್ತರದ ಮಾತನ್ನು ಇಷ್ಟು ಒತ್ತಿ ಹೇಳಲು ಕಾರಣ ಇದೆ. ವಿಂಡೋಸ್‌ನ ಟಾಸ್ಕ್‌ಬಾರ್, ಬ್ರೌಸರ್‌ನ ಟ್ಯಾಬ್‌ಗಳು, ಎಕ್ಸೆಲ್ ಮತ್ತು ವರ್ಡ್‌ನ ಮೇಲಿನ ಪಟ್ಟಿ, ಇವೆಲ್ಲ ತಿನ್ನುವುದು ಎತ್ತರವನ್ನೇ. ಅಗಲ ಎಷ್ಟಿದ್ದರೂ ಓದುವ ಸಾಲುಗಳು ಕಡಿಮೆಯಾಗುತ್ತವೆ.

ಪಿಕ್ಸೆಲ್ ಲೆಕ್ಕ ಬಿಡಬೇಡಿ

ಸ್ಕ್ರೀನ್ ಮೇಲೆ ಚಿತ್ರ ಮೂಡಿಸುವ ಸಣ್ಣ ಚುಕ್ಕಿಗಳೇ ಪಿಕ್ಸೆಲ್. ಅಡ್ಡಕ್ಕೆ ಎಷ್ಟು, ಎತ್ತರಕ್ಕೆ ಎಷ್ಟು ಎನ್ನುವ ಲೆಕ್ಕವೇ ರೆಸಲ್ಯೂಶನ್. ಈ ಬೆಲೆಯಲ್ಲಿ ಎರಡು ರೆಸಲ್ಯೂಶನ್ ಸಿಗುತ್ತವೆ. ಒಂದು 2560×1080. ಇನ್ನೊಂದು 3440×1440. ಮೊದಲನೆಯದರಲ್ಲಿ ಸುಮಾರು 27.6 ಲಕ್ಷ ಪಿಕ್ಸೆಲ್, ಎರಡನೆಯದರಲ್ಲಿ 49.5 ಲಕ್ಷ.

29 ಇಂಚಿನಲ್ಲಿ 2560×1080 ಇದ್ದರೆ ಇಂಚಿಗೆ ಸುಮಾರು 96 ಪಿಕ್ಸೆಲ್ ಬೀಳುತ್ತವೆ. ದಿನದ ಕೆಲಸಕ್ಕೆ ಸಾಕು. ಎಲ್‌ಜಿಯ 29ಡಬ್ಲ್ಯೂಪಿ500 ಈ ಜಾತಿಯದ್ದು. 34 ಇಂಚಿನಲ್ಲಿ 3440×1440 ಇದ್ದರೆ ಇಂಚಿಗೆ ಸುಮಾರು 110. ಅಕ್ಷರ ನುಣುಪಾಗಿ ಕಾಣುತ್ತದೆ. ಸ್ಯಾಮ್‌ಸಂಗ್‌ನ 34 ಇಂಚಿನ ಎಸ್50ಜಿಸಿ ಇದಕ್ಕೊಂದು ಉದಾಹರಣೆ.

ಎಡವುವುದು ಇವೆರಡರ ನಡುವೆ. 34 ಇಂಚು ದೊಡ್ಡದು, ಬೆಲೆಯೂ ಕಡಿಮೆ, ಆದರೆ ರೆಸಲ್ಯೂಶನ್ ಅದೇ 2560×1080. ಆಗ ಇಂಚಿಗೆ 82 ಪಿಕ್ಸೆಲ್ ಮಾತ್ರ. ನಾನು ಮೊದಲು ಕೊಂಡದ್ದು ಇಂಥದ್ದನ್ನೇ. ಅಂಗಡಿಯವರು "ಎರಡೂ 34 ಇಂಚೇ ಸಾರ್, ಏನೂ ವ್ಯತ್ಯಾಸ ಇಲ್ಲ" ಅಂದರು. ನಾನೂ ನಂಬಿದೆ. ಮನೆಗೆ ತಂದು ಕನ್ನಡದ ಪುಟ ತೆರೆದಾಗ ಗೊತ್ತಾಯಿತು. ಇಂಗ್ಲಿಷ್ ಹೇಗೋ ಓದಬಹುದಿತ್ತು. ಕನ್ನಡದ ಒತ್ತಕ್ಷರಗಳು ಮಾತ್ರ ಕಲಸಿ ಹೋಗಿದ್ದವು. ಕರಡು ತಿದ್ದುವಾಗ "ದನ" ಮತ್ತು "ಧನ" ಯಾವುದೆಂದು ತಿಳಿಯಲು ಪ್ರತಿ ಸಲ ಜೂಮ್ ಮಾಡಬೇಕಾಯಿತು. ನಾಲ್ಕು ತಿಂಗಳಲ್ಲಿ ಅದನ್ನು ನಷ್ಟಕ್ಕೆ ಮಾರಿದೆ.

ನಮ್ಮ ಲಿಪಿಗೆ ಪಿಕ್ಸೆಲ್ ಸಾಂದ್ರತೆ ಇಂಗ್ಲಿಷ್‌ಗಿಂತ ಜಾಸ್ತಿ ಬೇಕು. ದ ಮತ್ತು ಧ, ಡ ಮತ್ತು ಢ, ಇವುಗಳ ನಡುವೆ ಇರುವುದು ಕೆಳಗಿನ ಒಂದು ಸಣ್ಣ ಸೀಳು ಅಷ್ಟೇ. ಪ ಮತ್ತು ಹೊಟ್ಟೆ ಸೀಳಿದ ಷ ನಡುವೆ ಒಂದು ಗೆರೆ. "ರಾಷ್ಟ್ರ", "ಸ್ವಾತಂತ್ರ್ಯ" ಇಂಥ ಪದಗಳಲ್ಲಿ ಒತ್ತಿನ ಪಕ್ಕಕ್ಕೆ ಇನ್ನೊಂದು ಒತ್ತು ಬರುತ್ತದೆ. ಪಿಕ್ಸೆಲ್ ಸಾಲದಿದ್ದರೆ ಮೊದಲು ಕೆಡುವುದು ಇವೇ. ಹಾಗಾಗಿ ಅಂಗಡಿಯಲ್ಲಿ ಮಾನಿಟರ್ ತೋರಿಸಲು ಬಣ್ಣದ ಹೂವು, ಹಕ್ಕಿಯ ವಿಡಿಯೋ ಹಾಕಿರುತ್ತಾರಲ್ಲ, ಅದನ್ನು ನಿಲ್ಲಿಸಲು ಹೇಳಿ. ಕನ್ನಡ ಪತ್ರಿಕೆಯೊಂದರ ವೆಬ್‌ಸೈಟ್ ತೆರೆಸಿ. ಜೂಮ್ 100ಕ್ಕೆ ಇರಲಿ. ಕೈಯಳತೆಯ ದೂರದಲ್ಲಿ ನಿಂತು ಒಂದು ಸುದ್ದಿ ಪೂರ್ತಿ ಓದಿ. ಒತ್ತುಗಳು ಬಿಡಿಬಿಡಿಯಾಗಿ ಕಾಣದಿದ್ದರೆ ಆ ಮಾನಿಟರ್ ಬೇಡ.

ಮ್ಯಾಕ್ ಬಳಸುವವರು ಇನ್ನೂ ಎಚ್ಚರ ವಹಿಸಬೇಕು. 2018ರಲ್ಲಿ ಬಂದ ಮೊಹಾವೆ ಆವೃತ್ತಿಯಿಂದ ಆಪಲ್, ಕಡಿಮೆ ಸಾಂದ್ರತೆಯ ಸ್ಕ್ರೀನ್‌ನಲ್ಲಿ ಅಕ್ಷರ ನುಣುಪು ಮಾಡುತ್ತಿದ್ದ ಹಳೆಯ ವಿಧಾನವನ್ನು ಕೈಬಿಟ್ಟಿದೆ. 2560×1080 ಸ್ಕ್ರೀನ್‌ನಲ್ಲಿ ಅಕ್ಷರದ ಅಂಚು ಒರಟಾಗಿ ಕಾಣುತ್ತದೆ.

ಇನ್ನೊಂದು ಮಾತು, ಅಂಗಡಿಯಲ್ಲಿ ಯಾರೂ ಹೇಳದ್ದು. 29 ಇಂಚಿನ ಅಲ್ಟ್ರಾವೈಡ್‌ನ ಬೆಲೆಯ ಆಸುಪಾಸಿನಲ್ಲೇ 27 ಇಂಚಿನ 2560×1440 ಮಾನಿಟರ್ ಸಿಗುತ್ತದೆ. ಅಡ್ಡಕ್ಕೆ ಎರಡರಲ್ಲೂ ಅದೇ 2560 ಪಿಕ್ಸೆಲ್. 27 ಇಂಚಿನದರಲ್ಲಿ ಕೆಳಗೆ 360 ಪಿಕ್ಸೆಲ್ ಸಾಲು ಹೆಚ್ಚಿಗೆ. ಅಂದರೆ ಅಲ್ಟ್ರಾವೈಡ್‌ನಲ್ಲಿ ಕಾಣುವುದೆಲ್ಲ ಅದರಲ್ಲೂ ಕಾಣುತ್ತದೆ, ಮೇಲೆ ಇನ್ನಷ್ಟು. ಬಜೆಟ್ 20 ಸಾವಿರಕ್ಕೆ ನಿಲ್ಲುತ್ತದೆ, ದಿನವಿಡೀ ಓದು ಬರಹದ ಕೆಲಸ ಅಂತಾದರೆ ನಾನು 27 ಇಂಚಿನದನ್ನೇ ಹೇಳುತ್ತೇನೆ. ಮೇಜಿನ ಮೇಲೆ ಶೆಲ್ಫ್ ಇದ್ದು ಎತ್ತರಕ್ಕೆ ಜಾಗವಿಲ್ಲದವರಿಗೆ, ವಿಡಿಯೋ ಅಥವಾ ಆಡಿಯೋ ಟೈಮ್‌ಲೈನ್ ಉದ್ದಕ್ಕೆ ಬೇಕಾದವರಿಗೆ 29 ಇಂಚಿನ ಅಲ್ಟ್ರಾವೈಡ್ ಸರಿ. 30 ಸಾವಿರದ ಹತ್ತಿರ ಹಾಕಬಲ್ಲವರು 34 ಇಂಚಿನ 3440×1440ಕ್ಕೇ ಹೋಗಿ. ಈ ಜಾತಿಯ ಮಾನಿಟರ್‌ನ ನಿಜವಾದ ಸುಖ ಸಿಗುವುದು ಅಲ್ಲಿಂದ.

ಪ್ಯಾನೆಲ್, ಬಾಗು, ಹರ್ಟ್ಸ್

ಪ್ಯಾನೆಲ್‌ನಲ್ಲಿ (ಚಿತ್ರ ಮೂಡುವ ಪದರ) ಈ ಬೆಲೆಗೆ ಮುಖ್ಯವಾಗಿ ಐಪಿಎಸ್ ಮತ್ತು ವಿಎ ಎಂದು ಎರಡು ಬಗೆ. ಐಪಿಎಸ್ ಅನ್ನು ಬದಿಯಿಂದ ನೋಡಿದರೂ ಬಣ್ಣ ಅಷ್ಟಾಗಿ ಬದಲಾಗುವುದಿಲ್ಲ. ವಿಎಯಲ್ಲಿ ಕಪ್ಪು ಗಾಢವಾಗಿರುತ್ತದೆ, ರಾತ್ರಿ ಸಿನಿಮಾ ನೋಡಲು ಚೆನ್ನ. ಆದರೆ ಕಪ್ಪು ಹಿನ್ನೆಲೆಯಲ್ಲಿ ಪುಟ ಬೇಗ ಸರಿಸಿದರೆ ಅಕ್ಷರದ ಹಿಂದೆ ನೆರಳು ಎಳೆದಂತೆ ಕಾಣಬಹುದು. ಫೋಟೊ, ಪುಟ ವಿನ್ಯಾಸ ಮಾಡುವವರಿಗೆ ಐಪಿಎಸ್. ಉಳಿದವರಿಗೆ ಯಾವುದಾದರೂ ಆದೀತು.

ಬಾಗಿದ ಮಾನಿಟರ್ ಮೇಲೆ 1500ಆರ್, 1800ಆರ್ ಎಂದು ಬರೆದಿರುತ್ತದೆ. ಅದು ವೃತ್ತದ ತ್ರಿಜ್ಯ, ಮಿಲಿಮೀಟರ್‌ನಲ್ಲಿ. ಸಂಖ್ಯೆ ಚಿಕ್ಕದಾದಷ್ಟೂ ಬಾಗು ಜಾಸ್ತಿ. 34 ಇಂಚಿಗೆ ಸ್ವಲ್ಪ ಬಾಗು ಹಿತ. 29 ಇಂಚಿಗೆ ಬೇಕಿಲ್ಲ. ಸೆಕೆಂಡಿಗೆ ಚಿತ್ರ ಎಷ್ಟು ಸಲ ಹೊಸದಾಗುತ್ತದೆ ಎನ್ನುವುದೇ ಹರ್ಟ್ಸ್. 75 ಅಥವಾ 100 ಹರ್ಟ್ಸ್ ಆಫೀಸ್ ಕೆಲಸಕ್ಕೆ ಧಾರಾಳ. ಎಚ್‌ಡಿಆರ್ (ಬೆಳಕು, ಕತ್ತಲೆ ಎದ್ದು ಕಾಣುವಂತೆ ತೋರಿಸುವ ಸೌಲಭ್ಯ) ಎಂದು ಪೆಟ್ಟಿಗೆ ಮೇಲೆ ಬರೆದಿದ್ದಕ್ಕೆ ಸುಮ್ನೆ ಹೆಚ್ಚಿಗೆ ದುಡ್ಡು ಕೊಡಬೇಡಿ. ಈ ಬೆಲೆಯ ಸ್ಕ್ರೀನ್‌ಗೆ ಅದನ್ನು ತೋರಿಸುವಷ್ಟು ಬೆಳಕು ಇರುವುದಿಲ್ಲ. ಮೇಜು ಕಿಟಕಿಯ ಪಕ್ಕ ಇದ್ದರೆ 300 ನಿಟ್ಸ್ (ಸ್ಕ್ರೀನ್ ಬೆಳಕಿನ ಅಳತೆ) ಇರುವುದನ್ನು ಹುಡುಕಿ.

ನಿಮ್ಮ ಲ್ಯಾಪ್‌ಟಾಪ್ ಇದನ್ನು ಎಳೆಯುತ್ತದೆಯೇ?

ಹೆಚ್ಚಿನವರು ಮರೆಯುವ ಹೆಜ್ಜೆ ಇದು. ಲ್ಯಾಪ್‌ಟಾಪ್ ಮಾಡೆಲ್ ಸಂಖ್ಯೆ ಹಾಕಿ ಕಂಪನಿಯ ಪುಟದಲ್ಲಿ ಎಚ್‌ಡಿಎಂಐ (ಮಾನಿಟರ್ ಕೇಬಲ್ ಸಿಕ್ಕಿಸುವ ಪೋರ್ಟ್) ಯಾವ ಆವೃತ್ತಿ ಎಂದು ನೋಡಿ. 2.0 ಇದ್ದರೆ ಚಿಂತೆಯಿಲ್ಲ. 1.4 ಇದ್ದರೆ 3440×1440 ಸ್ಕ್ರೀನ್ 30 ಅಥವಾ 50 ಹರ್ಟ್ಸ್‌ಗೆ ನಿಂತುಬಿಡಬಹುದು. 30 ಹರ್ಟ್ಸ್‌ನಲ್ಲಿ ಮೌಸ್ ಎಳೆದರೆ ಕುಂಟುತ್ತಾ ಬರುತ್ತದೆ. ಡಿಸ್‌ಪ್ಲೇಪೋರ್ಟ್ ಎಂಬ ಇನ್ನೊಂದು ಬಗೆಯ ಪೋರ್ಟ್ ಎರಡರಲ್ಲೂ ಇದ್ದರೆ ಅದನ್ನೇ ಬಳಸಿ.

ಯುಎಸ್‌ಬಿ-ಸಿ ಇರುವ ಮಾನಿಟರ್‌ನಲ್ಲಿ ಒಂದೇ ಕೇಬಲ್‌ನಲ್ಲಿ ಚಿತ್ರ ಹೋಗುತ್ತದೆ, ಲ್ಯಾಪ್‌ಟಾಪ್ ಚಾರ್ಜ್ ಕೂಡ ಆಗಬಹುದು. ಆದರೆ ಎರಡು ವಿಷಯ ಕೇಳಿ ತಿಳಿಯಿರಿ. ಮಾನಿಟರ್ ಎಷ್ಟು ವಾಟ್ ಕೊಡುತ್ತದೆ? ಆಫೀಸ್ ಲ್ಯಾಪ್‌ಟಾಪ್‌ಗೆ ಸಾಮಾನ್ಯವಾಗಿ 65 ವಾಟ್ ಬೇಕು. ನಿಮ್ಮ ಲ್ಯಾಪ್‌ಟಾಪ್‌ನ ಯುಎಸ್‌ಬಿ-ಸಿ ಪೋರ್ಟ್ ಚಿತ್ರ ಕಳಿಸುತ್ತದೆಯೇ? ಎಲ್ಲ ಪೋರ್ಟ್‌ಗಳೂ ಕಳಿಸುವುದಿಲ್ಲ. ಪೋರ್ಟ್ ಪಕ್ಕದಲ್ಲಿ ಬಾಣದ ತುದಿಯಿರುವ ಮಿಂಚಿನ (ಥಂಡರ್‌ಬೋಲ್ಟ್) ಗುರುತೋ ಡಿಸ್‌ಪ್ಲೇಪೋರ್ಟ್‌ನ ಗುರುತೋ ಇದ್ದರೆ ಧೈರ್ಯವಾಗಿ ಕೊಳ್ಳಬಹುದು.

ಆಫೀಸಿನದ್ದೊಂದು, ಮನೆಯದ್ದೊಂದು ಎಂದು ಎರಡು ಕಂಪ್ಯೂಟರ್ ಇರುವವರು ಪಿಬಿಪಿ ಸೌಲಭ್ಯ ಇದೆಯೇ ಕೇಳಿ. ಸ್ಕ್ರೀನ್ ಅರ್ಧರ್ಧ ಆಗಿ ಎರಡೂ ಒಟ್ಟಿಗೆ ಕಾಣುತ್ತವೆ. 34 ಇಂಚಿನಲ್ಲಿ ಒಂದೊಂದಕ್ಕೂ 1720×1440 ಸಿಗುತ್ತದೆ, ಅದು ಒಳ್ಳೆಯ ಜಾಗ. ಮಕ್ಕಳ ಪ್ಲೇಸ್ಟೇಷನ್ 5, ಎಕ್ಸ್‌ಬಾಕ್ಸ್ ಮಾತ್ರ 21:9ರಲ್ಲಿ ಓಡುವುದಿಲ್ಲ. ಎರಡೂ ಬದಿಗೆ ಕಪ್ಪು ಪಟ್ಟಿ ಬರುತ್ತದೆ. ಕ್ರಿಕೆಟ್‌ಗೂ ಧಾರಾವಾಹಿಗೂ ಹಾಗೆಯೇ. ಅಗಲದ ಪರದೆಗೆಂದು ತೆಗೆದ ಸಿನಿಮಾ ಹಾಕಿದಾಗ ಸ್ಕ್ರೀನ್ ಪೂರ್ತಿ ತುಂಬುತ್ತದೆ.

ಸ್ಟ್ಯಾಂಡ್ ಮತ್ತು ಬಿಲ್ಲು

ಅಗ್ಗದ ಅಲ್ಟ್ರಾವೈಡ್‌ಗಳಲ್ಲಿ ಕಂಪನಿ ಉಳಿತಾಯ ಮಾಡುವುದು ಸ್ಟ್ಯಾಂಡ್‌ನಲ್ಲಿ. ಮುಂದಕ್ಕೆ ಹಿಂದಕ್ಕೆ ಓರೆಯಾಗುತ್ತದೆ, ಎತ್ತರ ಏರುವುದಿಲ್ಲ. ಸ್ಕ್ರೀನ್‌ನ ಮೇಲಂಚು ಕಣ್ಣಿನ ಮಟ್ಟಕ್ಕೋ ತುಸು ಕೆಳಗೋ ಬರಬೇಕು. ಗಟ್ಟಿಯಾದ ಮರದ ಹಲಗೆ ಇಟ್ಟು ಎತ್ತರಿಸಬಹುದು. ಆರ್ಮ್ (ಮೇಜಿಗೆ ಬಿಗಿದು ಮಾನಿಟರ್ ಹಿಡಿಯುವ ತೋಳು) ಹಾಕುವ ಯೋಚನೆ ಇದ್ದರೆ ಹಿಂಬದಿಯಲ್ಲಿ 100×100 ಅಥವಾ 75×75 ಮಿಲಿಮೀಟರ್ ಅಂತರದ ನಾಲ್ಕು ತೂತುಗಳಿವೆಯೇ ನೋಡಿ. ಮಾನಿಟರ್ ತೂಕವನ್ನು ಆರ್ಮ್ ತಡೆಯುತ್ತದೆಯೇ ಎಂದೂ ಕೇಳಿ.

ಬೆಲೆಯ ವಿಷಯದಲ್ಲಿ ಒಂದು ಒಳ್ಳೆಯ ಬದಲಾವಣೆ ಆಗಿದೆ. 2019ರ ಜನವರಿಯಿಂದ 32 ಇಂಚಿನವರೆಗಿನ ಮಾನಿಟರ್‌ಗೆ ಜಿಎಸ್‌ಟಿ ಶೇ 18 ಇತ್ತು, ಅದಕ್ಕಿಂತ ದೊಡ್ಡದಕ್ಕೆ ಶೇ 28. 34 ಇಂಚಿನದು ಆ ಗೆರೆಯ ಆಚೆ ಬಿದ್ದು ತುಟ್ಟಿಯಾಗಿತ್ತು. 2025ರ ಸೆಪ್ಟೆಂಬರ್ 22ರಿಂದ ದೊಡ್ಡದಕ್ಕೂ ಶೇ 18. ತೆರಿಗೆ ಬಿಟ್ಟು 25 ಸಾವಿರ ಇರುವ ಮಾನಿಟರ್ ಮೊದಲು 32 ಸಾವಿರ ಆಗುತ್ತಿತ್ತು, ಈಗ 29,500. ಹಳೆಯ ಬೆಲೆಯ ಚೀಟಿ ತೋರಿಸಿ "ಡಿಸ್ಕೌಂಟ್" ಅನ್ನುವವರ ಹತ್ತಿರ ಈ ಲೆಕ್ಕ ನೆನಪಿರಲಿ. ಸ್ವಂತ ವ್ಯವಹಾರಕ್ಕೆ ಕೊಳ್ಳುವವರು ನಿಮ್ಮ ಜಿಎಸ್‌ಟಿ ಸಂಖ್ಯೆಯನ್ನು ಬಿಲ್ಲಿನಲ್ಲಿ ಹಾಕಿಸಿ.

ಬೆಂಗಳೂರಿನವರು ಎಸ್‌ಪಿ ರೋಡ್‌ನಲ್ಲಿ ನಾಲ್ಕು ಅಂಗಡಿ ಸುತ್ತಿ, ಕಣ್ಣಾರೆ ನೋಡಿ ಬರಬಹುದು. ಸಣ್ಣ ಊರಿನವರು ಆನ್‌ಲೈನ್‌ನಲ್ಲೇ ತರಿಸಬೇಕಾಗುತ್ತದೆ. ಹಾಗೆ ತರಿಸುವ ಮುಂಚೆ ರಿಪೇರಿಗೆ ಕಂಪನಿಯವರು ಮನೆಗೇ ಬರುತ್ತಾರೆಯೇ ಎಂದು ನಿಮ್ಮ ಪಿನ್‌ಕೋಡ್ ಹೇಳಿ ಕೇಳಿ. ಅಷ್ಟು ಉದ್ದದ ಪೆಟ್ಟಿಗೆಯನ್ನು ಬಸ್ಸಿನಲ್ಲಿ ಜಿಲ್ಲಾ ಕೇಂದ್ರಕ್ಕೆ ಹೊತ್ತೊಯ್ಯುವುದು ಯಾರಿಗೂ ಬೇಡ. ಪೆಟ್ಟಿಗೆ ತೆರೆಯುವುದನ್ನು ಮೊಬೈಲ್‌ನಲ್ಲಿ ವಿಡಿಯೋ ಮಾಡಿ. ಎತ್ತುವಾಗ ಇಬ್ಬರಿರಲಿ. ಅಂಚು ಹಿಡಿಯಿರಿ, ಸ್ಕ್ರೀನ್ ಮೇಲೆ ಬೆರಳು ಒತ್ತಬೇಡಿ. ಒತ್ತಿ ಒಡೆದರೆ ವಾರಂಟಿ ಸಿಗುವುದಿಲ್ಲ. ಮೊದಲ ದಿನವೇ ಬಿಳಿ, ಕಪ್ಪು, ಕೆಂಪು, ಹಸಿರು, ನೀಲಿ ಬಣ್ಣಗಳನ್ನು ಒಂದೊಂದಾಗಿ ತುಂಬಿಸಿ, ಸತ್ತ ಪಿಕ್ಸೆಲ್ ಇದೆಯೇ ಹುಡುಕಿ. ವಾಪಸ್ ಮಾಡುವ ಅವಧಿ ಮುಗಿಯುವ ತನಕ ಪೆಟ್ಟಿಗೆ, ಥರ್ಮಾಕೋಲ್ ಬಿಸಾಡಬೇಡಿ.

ಕೂಡಿಸಿದ ಮೇಲೆ

ಸೆಟ್ಟಿಂಗ್‌ನಲ್ಲಿ ರೆಸಲ್ಯೂಶನ್ ಮತ್ತು ಹರ್ಟ್ಸ್ ಪೆಟ್ಟಿಗೆಯಲ್ಲಿ ಬರೆದಷ್ಟೇ ಇವೆಯೇ ನೋಡಿ. ತಾನಾಗಿಯೇ 60ಕ್ಕೆ ನಿಂತಿರುವುದುಂಟು. ವಿಂಡೋಸ್‌ನಲ್ಲಿ ಕ್ಲಿಯರ್‌ಟೈಪ್ (ಅಕ್ಷರ ಸ್ಪಷ್ಟ ಮಾಡುವ ಸೌಲಭ್ಯ) ಎಂದು ಹುಡುಕಿ, ಅದು ಕೇಳುವ ಮಾದರಿಗಳಲ್ಲಿ ಸ್ಪಷ್ಟವಾದದ್ದನ್ನು ಆರಿಸಿ. ಕನ್ನಡ ಓದಲು ಹಿತವಾಗುತ್ತದೆ. ವಿಂಡೋಸ್ 11ರಲ್ಲಿ ವಿಂಡೋಸ್ ಕೀ ಜೊತೆ ಝಡ್ ಒತ್ತಿದರೆ ಸ್ಕ್ರೀನನ್ನು ಮೂರು ಭಾಗ ಮಾಡುವ ಚೌಕಗಳು ಬರುತ್ತವೆ. ಬೇರೆ ಸಾಫ್ಟ್‌ವೇರ್ ಹಾಕಲು ಬಿಡದ ಆಫೀಸ್ ಲ್ಯಾಪ್‌ಟಾಪ್‌ನಲ್ಲೂ ಇದು ಇರುತ್ತದೆ. ಮೀಟಿಂಗ್‌ನಲ್ಲಿ ಇಡೀ ಸ್ಕ್ರೀನ್ ಹಂಚಬೇಡಿ. ಎದುರಿನವರ ಸಣ್ಣ ಲ್ಯಾಪ್‌ಟಾಪ್‌ನಲ್ಲಿ ಅಕ್ಷರ ಇರುವೆ ಗಾತ್ರಕ್ಕೆ ಇಳಿಯುತ್ತದೆ. ಬೇಕಾದ ವಿಂಡೋ ಒಂದನ್ನೇ ಹಂಚಿ.

ಮೊದಲ ವಾರ ಕತ್ತು ನೋಯಬಹುದು. ಮುಖ್ಯ ಕೆಲಸವನ್ನು ಎಡತುದಿಯಲ್ಲಿಟ್ಟು ದಿನವಿಡೀ ಆ ಕಡೆ ತಿರುಗಿ ಕೂರುವುದೇ ಅದಕ್ಕೆ ಕಾರಣ. ಮೂಗಿನ ನೇರಕ್ಕೆ ಮುಖ್ಯ ಕೆಲಸ ಇರಲಿ. ವಾಟ್ಸ್ಯಾಪ್, ಮೇಲ್ ಬದಿಗೆ ಹೋಗಲಿ. ನಾನು ಈಗ ನಿಘಂಟನ್ನು ಬಲತುದಿಗೆ ಸರಿಸಿದ್ದೇನೆ. ಅನುವಾದ ನಡುವೆ ಬಂದಿದೆ.