ಬಣ್ಣ ಹೊಳೆದರೆ ಸಾಲದು: ಬ್ಯಾಕ್ಟೀರಿಯಾದ ಗುಳ್ಳೆಗಳ ಜೊತೆ ನನ್ನ ಅನುಭವ

ಹಂಚಿನ ಮೇಲೆ ಜೋಳದ ರೊಟ್ಟಿ ಉಬ್ಬುವುದನ್ನು ನೋಡಿದ್ದೀರಲ್ವಾ? ಮೇಲಿನ ಪದರ ಮಾತ್ರ ಎದ್ದು ನಿಲ್ಲುತ್ತದೆ. ಇ. ಕೊಲೈ ತರಹದ ಬ್ಯಾಕ್ಟೀರಿಯಾದ ಹೊರಪೊರೆಯೂ ಹಾಗೇ, ಒಳಗಿನ ಗೋಡೆಯ ಹಿಡಿತ ಸಡಿಲವಾದ ಕಡೆ ಉಬ್ಬುತ್ತದೆ, ಆಮೇಲೆ ಕಿತ್ತುಕೊಂಡು ಪುಟ್ಟ ಗುಳ್ಳೆಯಾಗಿ ಹೊರಗೆ ಹೋಗುತ್ತದೆ. ಅದೇ ವೆಸಿಕಲ್. ಸುಮಾರು 20ರಿಂದ 250 ನ್ಯಾನೋಮೀಟರ್ ಅಳತೆ. ಒಳಗೆ ಪ್ರೋಟೀನು, ಡಿಎನ್‌ಎ ಚೂರು, ರೋಗ ತರುವ ತಳಿಯಾದರೆ ವಿಷವೂ ಇರಬಹುದು. ಕಾಲರಾ ಬ್ಯಾಕ್ಟೀರಿಯಾ ಹೀಗೆ ಪೊರೆ ಹೊರಹಾಕುವುದನ್ನು ಎಲೆಕ್ಟ್ರಾನ್ ಮೈಕ್ರೋಸ್ಕೋಪಿನಲ್ಲಿ ನೋಡಿ 1967ರಲ್ಲೇ ಬರೆದವರು ನಮ್ಮ ದೇಶದವರೇ, ಚಟರ್ಜಿ ಮತ್ತು ದಾಸ್.

ಬಳ್ಳಾರಿಯ ನಮ್ಮ ಲ್ಯಾಬಿನಲ್ಲಿ ನಾನು ಹಿಡಿದ ಪ್ರಶ್ನೆ ಇಷ್ಟೇ: ಈ ಗುಳ್ಳೆ ಕರುಳಿನ ಕೋಶದ ಒಳಗೆ ಹೋಗುತ್ತದಾ, ಸುಮ್ನೆ ಮೇಲೆ ಅಂಟಿ ಕೂರುತ್ತದಾ?

1 ಲೀಟರ್ ಇ. ಕೊಲೈ ಬೆಳೆಸಿದೆ. ಸೆಂಟ್ರಿಫ್ಯೂಜ್ ಯಂತ್ರದಲ್ಲಿ ಜೋರಾಗಿ ತಿರುಗಿಸಿ, ಕೆಳಗಿನ ಗಷ್ಟು ಬಿಟ್ಟು ಮೇಲಿನ ತಿಳಿ ತೆಗೆದೆ. 0.22 ಮೈಕ್ರಾನ್ ಫಿಲ್ಟರ್ ಹಾಕಿದರೆ ದೊಡ್ಡ ಗುಳ್ಳೆಗಳು ಅಲ್ಲೇ ಸಿಕ್ಕಿಕೊಳ್ಳುತ್ತವೆ, ಅದಕ್ಕೆ 0.45ರದ್ದು ಬಳಸಿದೆ. ಅದರಲ್ಲಿ ಒಂದೆರಡು ಬ್ಯಾಕ್ಟೀರಿಯಾ ನುಸುಳಬಹುದು. ಹಾಗಾಗಿ ಪ್ರತಿ ಸಲ ಒಂದು ಹನಿಯನ್ನು ಬ್ಯಾಕ್ಟೀರಿಯಾ ಬೆಳೆಸುವ ಅಗರ್ ತಟ್ಟೆಗೆ ಹಚ್ಚಿ, ಏನೂ ಬೆಳೆಯದಿದ್ದರೆ ಮಾತ್ರ ಮುಂದೆ ಹೋಗುತ್ತಿದ್ದೆ. ಗುಳ್ಳೆಗಳು ತಳಕ್ಕೆ ಇಳಿಯಲು ಇನ್ನೂ ಜೋರಾಗಿ ತಿರುಗಿಸುವ ಅಲ್ಟ್ರಾ ಸೆಂಟ್ರಿಫ್ಯೂಜ್ ಬೇಕು, ಅದು ನಮ್ಮಲ್ಲಿ ಇರಲಿಲ್ಲ. ತಿಳಿಯನ್ನು 50 ಮಿಲಿಲೀಟರಿಗೆ ಇಳಿಸಿ, ಥರ್ಮಾಕೋಲ್ ಡಬ್ಬಿಯಲ್ಲಿ ಐಸ್ ಪ್ಯಾಕ್ ತುಂಬಿ, ರಾತ್ರಿ ಹಂಪಿ ಎಕ್ಸ್‌ಪ್ರೆಸ್ಸಿನಲ್ಲಿ ಬೆಂಗಳೂರಿಗೆ ಒಯ್ಯುತ್ತಿದ್ದೆ. ಮೇ ತಿಂಗಳಲ್ಲಿ ಬಳ್ಳಾರಿಯ ಬಿಸಿಲು ಗೊತ್ತಲ್ಲ, ಸ್ಟೇಷನ್ ಮುಟ್ಟುವುದರೊಳಗೆ ಡಬ್ಬಿಯ ಹೊರಗೆಲ್ಲ ನೀರು. ಅಲ್ಲಿ 1,50,000 ಜಿಯಲ್ಲಿ, ಅಂದರೆ ಭೂಮಿಯ ಸೆಳೆತದ ಒಂದೂವರೆ ಲಕ್ಷ ಪಟ್ಟು ಬಲದಲ್ಲಿ, 3 ಗಂಟೆ ತಿರುಗಿಸಿದರೆ ಟ್ಯೂಬಿನ ತಳದಲ್ಲಿ ಉಗುರಿನ ಗೀರಿನಷ್ಟು ಕಂದು ಕಲೆ. ಒಂದು ಲೀಟರಿಗೆ ಸಿಕ್ಕಿದ್ದು ಅಷ್ಟೇ.

ಅದಕ್ಕೆ ಪಿಕೆಎಚ್ ಅನ್ನುವ ಹಸಿರು ಬಣ್ಣ ಹಾಕಿ ಕರುಳಿನ ಕೋಶಗಳ ಮೇಲೆ ಬಿಟ್ಟೆ. ಮೈಕ್ರೋಸ್ಕೋಪಿನಲ್ಲಿ ನೋಡಿದರೆ ಪ್ರತಿ ಕೋಶದ ಒಳಗೂ ಹಸಿರು ಚುಕ್ಕೆಗಳು! ಫೋಟೋ ತೆಗೆದು ನಮ್ಮ ಲ್ಯಾಬಿನ ಮೇಡಂಗೆ ತೋರಿಸಲು ಓಡಿದೆ. ಅವರು ಕೇಳಿದ್ದು ಒಂದೇ ಮಾತು: "ಗುಳ್ಳೆ ಇಲ್ದೇ ಬರೀ ಬಣ್ಣ ಹಾಕಿ ನೋಡಿದ್ಯೇನಪ್ಪಾ?"

ನೋಡಿರಲಿಲ್ಲ. ಮರುದಿನ ನೋಡಿದೆ. ಅದೇ ಚುಕ್ಕೆ, ಅದೇ ಹೊಳಪು. ಈ ಬಣ್ಣ ಎಣ್ಣೆಯಂಥದ್ದು, ನೀರಿನಲ್ಲಿ ತಾನೇ ಗುಂಪುಗೂಡಿ ವೆಸಿಕಲ್ ಅಳತೆಯ ಉಂಡೆ ಕಟ್ಟುತ್ತದೆ, ಕೋಶ ಅದನ್ನೂ ನುಂಗುತ್ತದೆ. ಎಷ್ಟು ಸಲ ತೊಳೆದು ಮತ್ತೆ ತಿರುಗಿಸಿದರೂ ಆ ಉಂಡೆಗಳು ಗುಳ್ಳೆಗಳ ಜೊತೆಗೇ ತಳಕ್ಕೆ ಇಳಿಯುತ್ತವೆ. ಎರಡು ತಿಂಗಳ ಚಿತ್ರಗಳನ್ನು ಬದಿಗಿಟ್ಟೆ. ತುಂಬಾ ಬೇಜಾರಾಯಿತು, ಆದರೆ ಅವು ಸುಳ್ಳು ಚಿತ್ರಗಳು.

ಆಮೇಲೆ ಸಕ್ಕರೆ ದ್ರಾವಣದ ಪದರಗಳಲ್ಲಿ ತಿರುಗಿಸಿ ಬಣ್ಣದ ಉಂಡೆಗಳನ್ನು ಬೇರೆ ಮಾಡಿದೆ. ಬರೀ ಬಣ್ಣದ ಟ್ಯೂಬಿನಿಂದಲೂ ಗುಳ್ಳೆಗಳು ನಿಲ್ಲುವ ಮಟ್ಟದ ಪದರವನ್ನೇ ತೆಗೆದು ಪಕ್ಕದಲ್ಲಿಟ್ಟು ಹೋಲಿಸಿದೆ, ಈ ಸಲ ಅದು ಕತ್ತಲೆ. ಕೋಶಗಳ ಆಹಾರದಲ್ಲಿದ್ದ ಕರುವಿನ ಸೀರಮ್ಮನ್ನೂ ಪ್ರಯೋಗದ ಹೊತ್ತಿಗೆ ತೆಗೆದೆ, ಯಾಕೆಂದರೆ ಅದರಲ್ಲೂ ಅದರದೇ ವೆಸಿಕಲ್‌ಗಳು ಇರುತ್ತವೆ.

ಉತ್ತರ ಕೊಟ್ಟಿದ್ದು ಐಸ್. 4 ಡಿಗ್ರಿಯಲ್ಲಿ ಕೋಶ ಏನನ್ನೂ ನುಂಗುವುದಿಲ್ಲ. ಅಲ್ಲಿ ಹಸಿರು ಕೋಶದ ಅಂಚಿನಲ್ಲಿ ಬಳೆಯ ಹಾಗೆ ನಿಂತಿತ್ತು. 37 ಡಿಗ್ರಿಗೆ ತಂದು ಒಂದು ಗಂಟೆ ಬಿಟ್ಟರೆ ಬಳೆ ಒಡೆದು ಚುಕ್ಕೆಗಳು ಒಳಗೆ, ನ್ಯೂಕ್ಲಿಯಸ್ಸಿನ ಸುತ್ತ. ಅಂದರೆ ಮೊದಲು ಅಂಟುತ್ತದೆ, ಆಮೇಲೆ ಕೋಶವೇ ಒಳಗೆ ಎಳೆದುಕೊಳ್ಳುತ್ತದೆ. ಕೋಶದ ಪೊರೆಯಿಂದ ಕೊಲೆಸ್ಟ್ರಾಲ್ ತೆಗೆದಾಗ ಒಳಗೆ ಹೋಗುವುದು ಕಡಿಮೆಯಾಯಿತು, ಪೂರ್ತಿ ನಿಲ್ಲಲಿಲ್ಲ. ಹಾಗಾಗಿ ಕೊಲೆಸ್ಟ್ರಾಲ್ ಬೇಕಾದ ದಾರಿ ಒಂದೇ ಅಲ್ಲ, ಬೇರೆಯೂ ಇದೆ ಅಂತ ನನಗನ್ನಿಸುತ್ತದೆ.

ಒಳಗೆ ಹೋಗುವುದು ಯಾಕೆ ಮುಖ್ಯ ಅಂದರೆ, ಗುಳ್ಳೆಯ ಪೊರೆಯಲ್ಲಿರುವ ಎಲ್‌ಪಿಎಸ್ (ಕೊಬ್ಬು-ಸಕ್ಕರೆ ಸೇರಿದ ಅಣು) ಕೋಶದ್ರವಕ್ಕೆ ಸೇರಿದರೆ ಕೋಶದೊಳಗಿನ ಕ್ಯಾಸ್ಪೇಸ್-4 ಅನ್ನುವ ಪ್ರೋಟೀನು ಅದನ್ನು ಹಿಡಿಯುತ್ತದೆ, ಕೋಶ ಉರಿಯೂತ ಎಬ್ಬಿಸಿ ಸಾಯಲೂಬಹುದು. ಈಗ ಉರಿಯೂತದ ಸಂಕೇತವಾದ ಐಎಲ್-8 ಅಳೆಯುತ್ತಿದ್ದೇನೆ, ಒಂದು ಗುಂಪಿಗೆ ಎಲ್‌ಪಿಎಸ್ಸನ್ನು ಕಟ್ಟಿಹಾಕುವ ಪಾಲಿಮಿಕ್ಸಿನ್ ಬಿ ಹಾಕಿ. ತಟ್ಟೆಗಳು ಇನ್‌ಕ್ಯುಬೇಟರಿನಲ್ಲಿವೆ, ಬೆಳಿಗ್ಗೆ ಆರಕ್ಕೆ ತೆಗೆಯಬೇಕು.