ಹೈಡ್ರೋಸ್ ಇಲ್ಲದ ನೀಲಿ ಬಾನಿ: ದಾಲಿಯ ಕಾರ್ಯಾಗಾರದಲ್ಲಿ ನನ್ನ ಅನುಭವ

ಹುದುಗು ಬಾನಿಯಲ್ಲಿ, ಅಂದರೆ ಗಿಡದ ನೀಲಿಯನ್ನು ಹುದುಗಿಸಿ ಎಬ್ಬಿಸಿದ ಬಣ್ಣದ ತೊಟ್ಟಿಯಲ್ಲಿ, ಇಪ್ಪತ್ತು ಜನ ಒಂದೇ ಮಧ್ಯಾಹ್ನ ಬಟ್ಟೆ ಅದ್ದಿ, ಅವತ್ತೇ ಗಾಢ ನೀಲಿ ತೆಗೆದುಕೊಂಡು ಹೋಗುವುದು ಆಗದ ಮಾತು ಅಂದವರೇ ಹೆಚ್ಚು. ಮೂರನೇ ಸುತ್ತಿಗೆ ಬಾನಿ ಸೋಲುತ್ತೆ, ಹತ್ತನೆಯವರ ಪಾಲಿಗೆ ಬೂದು ಬಣ್ಣ ಉಳಿಯುತ್ತೆ, ಕೊನೆಗೆ ನೀನೂ ಹೈಡ್ರೋಸ್ (ಹುದುಗಿಸದೆ ನೀಲಿಯನ್ನು ಬೇಗ ಕರಗಿಸುವ ರಾಸಾಯನಿಕ ಪುಡಿ) ಪೊಟ್ಟಣ ಒಡೆಯಲೇಬೇಕು ಅಂತ ಇಲ್ಲಿನ ಬಣ್ಣಗಾರರೂ ಹೇಳಿದರು, ಊರಲ್ಲಿ ಇದೇ ಕಸುಬಿನಲ್ಲಿರುವ ಗೆಳೆಯರೂ ಹೇಳಿದರು. ಈಗ ಎರಡು ವರ್ಷವಾಗಿದೆ, ಅರವತ್ತರ ಹತ್ತಿರ ಕಾರ್ಯಾಗಾರ ಮುಗಿದಿದೆ, ಬಾನಿಗೆ ಒಂದು ಚಿಟಿಕೆ ಹೈಡ್ರೋಸ್ ಬಿದ್ದಿಲ್ಲ. ಮಾಡಿದ್ದು ಹೇಗೆ ಅಂತ ಕೇಳಿದವರಿಗೆಲ್ಲ ಒಬ್ಬೊಬ್ಬರಿಗೇ ಹೇಳುವ ಬದಲು ಇಲ್ಲಿ ಬರೆಯುತ್ತಿದ್ದೇನೆ.

ಜಾಗ ಚೀನಾದ ಯುನ್ನಾನ್ ಪ್ರಾಂತ್ಯದ ದಾಲಿ. ಒಂದು ಕಡೆ ತ್ಸಾಂಗ್‌ಶಾನ್ ಬೆಟ್ಟ, ಇನ್ನೊಂದು ಕಡೆ ಎರ್‌ಹಾಯ್ ಸರೋವರ, ನಡುವೆ ಬಾಯ್ ಅನ್ನುವ ಸ್ಥಳೀಯ ಜನಾಂಗದವರ ಹಳ್ಳಿಗಳು. ಅದರಲ್ಲಿ ಝೌಚೆಂಗ್ ಹಳ್ಳಿಯ ಕಟ್ಟಿ ಅದ್ದುವ ನೀಲಿ ಬಟ್ಟೆ, ಇಲ್ಲಿನವರ ಬಾಯಲ್ಲಿ ಝಾರಾನ್, 2006ರಲ್ಲಿ ಚೀನಾದ ರಾಷ್ಟ್ರೀಯ ಪರಂಪರೆಯ ಮೊದಲ ಪಟ್ಟಿಗೇ ಸೇರಿತು. ಅದಾದ ಮೇಲೆ ಬರುವ ಪ್ರವಾಸಿಗರೂ ಹೆಚ್ಚಿದರು, ಎರಡು ಗಂಟೆಯಲ್ಲಿ ಕರವಸ್ತ್ರ ಮಾಡಿಸಿ ಕಳಿಸುವ ಅಂಗಡಿಗಳೂ ಹೆಚ್ಚಿದವು. ಸಿಂಥೆಟಿಕ್ ನೀಲಿ ಮತ್ತು ಹೈಡ್ರೋಸ್ ಹಾಕಿದರೆ ಅರ್ಧ ಗಂಟೆಯಲ್ಲಿ ಬಾನಿ ತಯಾರು, ಅದರ ಆಕರ್ಷಣೆ ನನಗೂ ಗೊತ್ತು. ಆದರೆ ಕೈಯಿಂದಲೇ ಕಲಿಯಲಿ ಅಂತ ಜನರನ್ನು ಕರೆದ ಮೇಲೆ, ಉಸಿರಾಡುವ ಬಾನಿಯ ಮೇಲೆ ತೇಲುವ ನೀಲಿ ಹೂವನ್ನು, ಅಂದರೆ ಹುದುಗಿನ ನೀಲಿ ಗುಳ್ಳೆಗಳ ಗುಂಪನ್ನು, ಅವರು ಕಣ್ಣಾರೆ ನೋಡಬೇಕು.

ಮೊದಲು ಸೋತ ಲೆಕ್ಕ ಹೇಳುತ್ತೇನೆ, ಕೆಲಸಕ್ಕೆ ಬರುವುದು ಅದೇ.

ಮೊದಲ ಬಾನಿ ಸುಣ್ಣದಿಂದ ಸತ್ತಿತು. ಇಲ್ಲಿನ ನೀಲಿ ಬರುವುದು ಬಾನ್‌ಲಾನ್‌ಗೆನ್ ಗಿಡದಿಂದ. ನಮ್ಮ ಊರ ನೀಲಿ ಗಿಡವಲ್ಲ, ನಮ್ಮ ಕುರಿಂಜಿಯ ಹತ್ತಿರದ ನೆಂಟ. ಎಲೆ ಎರಡು ಮೂರು ದಿನ ನೆನೆಸಿ, ಸುಣ್ಣ ಹಾಕಿ ಬಡಿದು, ತಳಕ್ಕೆ ಇಳಿದ ಕೆಸರನ್ನೇ ಮಾರುತ್ತಾರೆ. ಅಂದರೆ ಕೆಸರಲ್ಲಿ ಆಗಲೇ ಸುಣ್ಣ ಇದೆ. ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳದೆ ಹಳೇ ಅಳತೆ ಹಿಡಿದು ಮತ್ತೆ ಅರ್ಧ ಕಿಲೋ ಸುಣ್ಣ ಹಾಕಿದೆ. ಕ್ಷಾರದ ಅಳತೆ, ಪಿಎಚ್, 12 ದಾಟಿತು. ಇಪ್ಪತ್ತು ದಿನ ಕಲಕಿದರೂ ಒಂದು ಗುಳ್ಳೆ ಏಳಲಿಲ್ಲ. ಈಗ ಯಾವ ಕೆಸರು ಬಂದರೂ ಮೊದಲು ನೂರು ಗ್ರಾಂ ತೆಗೆದು ಒಂದು ಲೀಟರ್ ನೀರಲ್ಲಿ ಕದಡಿ ಪಿಎಚ್ ನೋಡುತ್ತೇನೆ. ಹನ್ನೊಂದರ ಆಸುಪಾಸು ಇದ್ದರೆ ಸುಣ್ಣ ಮುಟ್ಟುವುದೇ ಇಲ್ಲ, ಬೂದಿ ತಿಳಿ (ಬೂದಿ ನೆನೆಸಿ ಬಸಿದ ಕ್ಷಾರ ನೀರು) ಮಾತ್ರ.

ಎರಡನೆಯದು ಸಿಹಿಯಿಂದ ಸತ್ತಿತು. ಬೇಗ ಹುದುಗಲಿ ಅಂತ 150 ಲೀಟರಿಗೆ ಒಂದೂವರೆ ಕಿಲೋ ಮಾಲ್ಟ್ ಪಾಕ (ಮೊಳಕೆ ಧಾನ್ಯದ ಸಿಹಿ ಪಾಕ) ಸುರಿದೆ. ಎರಡೇ ದಿನಕ್ಕೆ ಪಿಎಚ್ ಒಂಬತ್ತಕ್ಕೆ ಬಿತ್ತು, ಬಾನಿಯ ವಾಸನೆ ಕೊಟ್ಟಿಗೆಯದ್ದು ಹೋಗಿ ಕೊಳೆತ ತರಕಾರಿಯದ್ದಾಯಿತು. ಆಮೇಲೆ ಎಷ್ಟು ಬೂದಿ ನೀರು ಹಾಕಿದರೂ ನೀಲಿ ಹಿಂದಕ್ಕೆ ಬರಲಿಲ್ಲ.

ಮೂರನೆಯದು ಟೀ ಶರ್ಟಿನಿಂದ. ಬಾನಿ ಚೆನ್ನಾಗಿತ್ತು, ಹೂ ಎದ್ದಿತ್ತು. ಬಂದ 22 ಜನರೂ ಅವರವರ ಟೀ ಶರ್ಟ್ ತಂದಿದ್ದರು. ಒಂದೊಂದು 170-180 ಗ್ರಾಂ, ಒಟ್ಟು ನಾಲ್ಕು ಕಿಲೋ ಹತ್ತಿರ ಬಟ್ಟೆ. ಎರಡನೇ ಸುತ್ತಿಗೇ ತಿಳಿ ಹಸಿರು ಇದ್ದ ನೀರು ಪೂರ್ತಿ ನೀಲಿ ತಿರುಗಿತು. ನೀರು ನೀಲಿ ಕಂಡರೆ ಗಾಳಿ ಸೇರಿ ಬಣ್ಣ ಕರಗದ ಸ್ಥಿತಿಗೆ ಮರಳಿದೆ ಅಂತ ಅರ್ಥ, ಅದು ಬಟ್ಟೆಗೆ ಹಿಡಿಯುವುದಿಲ್ಲ. ಎಲ್ಲರಿಗೂ ಅರ್ಧ ದುಡ್ಡು ವಾಪಸ್ ಕೊಟ್ಟೆ, 1,400 ಯುವಾನ್ ಹೋಯಿತು.

ಬೀಗದ ಕೈ ಸಿಕ್ಕಿದ್ದು ಇಲ್ಲೇ. ಬಾನಿಯನ್ನು ಸೋಲಿಸುವುದು ಜನ ಅಲ್ಲ, ಬಟ್ಟೆಯ ತೂಕ ಮತ್ತು ಅದರೊಳಗೆ ಸಿಕ್ಕಿಕೊಂಡ ಗಾಳಿ. ತಲೆ ಎಣಿಸುವುದು ಬಿಟ್ಟು ಗ್ರಾಂ ಎಣಿಸಲು ಶುರು ಮಾಡಿದೆ. 150 ಲೀಟರಿನ ಒಂದು ಬಾನಿಗೆ ಒಂದು ಹೊತ್ತಿಗೆ 400 ಗ್ರಾಂ ಒಣ ಬಟ್ಟೆ, ಅದಕ್ಕಿಂತ ಹೆಚ್ಚು ಇಲ್ಲ. ಕಾರ್ಯಾಗಾರದ ಬಟ್ಟೆ 50 ಸೆಂಟಿಮೀಟರ್ ಚೌಕ, ಚದರ ಮೀಟರಿಗೆ 120 ಗ್ರಾಂ ತೂಗುವ ತೆಳು ಹತ್ತಿ. ಒಂದು ತುಂಡು 30 ಗ್ರಾಂ, ಇಪ್ಪತ್ತು ಜನಕ್ಕೆ 600 ಗ್ರಾಂ, ಎರಡು ಬಾನಿಗೆ ಹಂಚಿದರೆ ತಲಾ 300. ಬಾನಿಗೆ ಇನ್ನೂ ಉಸಿರು ಉಳಿದಿರುತ್ತೆ. ಟೀ ಶರ್ಟ್ ತಂದವರಿಗೆ ಈಗ ವಿನಯದಿಂದಲೇ ಇಲ್ಲ ಅನ್ನುತ್ತೇನೆ.

ಒಟ್ಟು ನಾಲ್ಕು ಬಾನಿ ಇಟ್ಟಿದ್ದೇನೆ. ಎರಡು ದುಡಿಯುವಾಗ ಎರಡು ಮಲಗಿರುತ್ತವೆ, ದುಡಿದ ಜೋಡಿಗೆ ಎರಡು ರಾತ್ರಿ ವಿಶ್ರಾಂತಿ. ಇಲ್ಲಿನ ಹಳಬರದ್ದು ಮರದ ಪೀಪಾಯಿ. ಅದರಷ್ಟು ಶಾಖ ಹಿಡಿಯುವುದು ಬೇರೆ ಇಲ್ಲ, ನಿಜ. ಆದರೆ ಒಮ್ಮೆ ಒಣಗಿದರೆ ಸಂದಿಯಲ್ಲೆಲ್ಲ ಸೋರುತ್ತೆ. ನಾನು ಪ್ಲಾಸ್ಟಿಕ್ ಡ್ರಮ್ ತಗೊಂಡು ಸುತ್ತ ಹಳೇ ರಜಾಯಿ ಸುತ್ತಿದೆ. ದಾಲಿ ಸುಮಾರು 2,000 ಮೀಟರ್ ಎತ್ತರದಲ್ಲಿದೆ, ಚಳಿಗಾಲದ ರಾತ್ರಿ ಎರಡು ಮೂರು ಡಿಗ್ರಿಗೆ ಇಳಿಯುತ್ತೆ. ಅಕ್ವೇರಿಯಂ ಹೀಟರ್ ಒಂದೊಂದು ಇಳಿಬಿಟ್ಟು 26 ಡಿಗ್ರಿಗೆ ನಿಲ್ಲಿಸುತ್ತೇನೆ. ಹೀಟರ್ ಮೇಲೆ ಸುಣ್ಣದ ಪದರ ಕಟ್ಟುತ್ತೆ, ತಿಂಗಳಿಗೊಮ್ಮೆ ವಿನೆಗರ್‌ನಲ್ಲಿ ನೆನೆಸಿ ತೆಗೆಯಬೇಕು.

ಒಂದು ಬಾನಿಯ ಅಳತೆ ನೆನಪಿದ್ದಷ್ಟು: ನೀರು ಮತ್ತು ಬೂದಿ ತಿಳಿ ಸೇರಿ 135 ಲೀಟರ್, ಹಸಿ ಕೆಸರು 12 ಕಿಲೋ, ಮಾಲ್ಟ್ ಪಾಕ 500 ಗ್ರಾಂ, ಅಕ್ಕಿ ಸಾರಾಯಿ ಅರ್ಧ ಲೀಟರಿನ ಆಸುಪಾಸು. ಬೂದಿ ಗಟ್ಟಿ ಮರದ್ದೇ ಆಗಬೇಕು, ಓಕ್ ಆದರೆ ಒಳ್ಳೆಯದು. ದೇವದಾರು, ಪೈನ್ ಬೂದಿಯ ತಿಳಿ ಸಪ್ಪೆ. ಬೂದಿ ಒಂದು ಪಾಲು, ಬಿಸಿನೀರು ಐದು ಪಾಲು, ರಾತ್ರಿಯಿಡೀ ಬಿಟ್ಟು ಮೇಲಿನ ತಿಳಿ ಮಾತ್ರ. ಹೊರಡುವಾಗ ಪಿಎಚ್ 11, ಹುದುಗಿದ ಮೇಲೆ 10.5ರ ಹತ್ತಿರ ನಿಲ್ಲಬೇಕು, ಹತ್ತರ ಕೆಳಗೆ ಬಿಡಲೇಬಾರದು. ಲಿಟ್ಮಸ್ ಪಟ್ಟಿ ನಂಬಬೇಡಿ, ಪಟ್ಟಿಯೇ ನೀಲಿಯಾಗಿ ಏನೂ ಓದಲಾಗುವುದಿಲ್ಲ. ಮೀಟರ್ ತಗೊಳ್ಳಿ, ಪ್ರತಿ ಸಲ ಅದರ ತುದಿ ತೊಳೆಯಿರಿ. ಏಳರಿಂದ ಹತ್ತು ದಿನಕ್ಕೆ ಮೇಲೆ ತಾಮ್ರದ ಹೊಳಪಿನ ಕೆನೆ, ಕಡುನೀಲಿ ಗುಳ್ಳೆಗಳ ಗುಂಪು, ಕೆನೆ ಸರಿಸಿದರೆ ಕೆಳಗೆ ಎಣ್ಣೆಯಂಥ ಹಳದಿ ಹಸಿರು. ಆಗ ಬಾನಿ ಎದ್ದಿದೆ.

ಸಾರಾಯಿಯನ್ನು ಒಂದೇ ಸಲ ಹಾಕುವುದಿಲ್ಲ. ಯಾವ ದಿನ ಎಷ್ಟು ಅನ್ನುವುದು ಮತ್ತು ವಿಶ್ರಾಂತಿಯ ಮೊದಲ ರಾತ್ರಿ ಬಾನಿಗೆ ಏನು ಉಣಿಸುತ್ತೇನೆ ಅನ್ನುವುದು, ಇವೆರಡನ್ನು ನನ್ನಲ್ಲೇ ಇಟ್ಟುಕೊಂಡಿದ್ದೇನೆ. ಕಲಿಸಿದ ಬಾಯ್ ಅಜ್ಜಿಗೆ ಮಾತು ಕೊಟ್ಟಿದ್ದೇನೆ. ಅದಿಲ್ಲದೆಯೂ ಮೇಲಿನ ಅಳತೆಗೆ ಬಾನಿ ಏಳುತ್ತೆ, ಎರಡು ದಿನ ತಡವಾಗಬಹುದು ಅಷ್ಟೇ.

ಇನ್ನು ಬಟ್ಟೆ. ಮಗ್ಗದಿಂದ ಬಂದ ಹತ್ತಿಯ ಗಂಜಿ, ಮೇಣ ಹೋಗಲು ಕಿಲೋಗೆ 30 ಗ್ರಾಂ ವಾಷಿಂಗ್ ಸೋಡಾ ಹಾಕಿ ಕುದಿಸಬೇಕು. ಇಲ್ಲಿ ನೀರು 93 ಡಿಗ್ರಿಗೇ ಕುದಿಯುತ್ತೆ, ಊರಲ್ಲಿ ಒಂದೂವರೆ ಗಂಟೆ ಸಾಕಾದರೆ ಇಲ್ಲಿ ಮೂರು ಬೇಕು. ಕುದಿಸಿ ಒಣಗಿಸಿದ ಬಟ್ಟೆಯ ಮೇಲೆ ಒಂದು ಹನಿ ನೀರು ಬಿಡಿ. ತಕ್ಷಣ ಇಂಗಿದರೆ ಸರಿ, ಮಣಿಯಂತೆ ನಿಂತರೆ ಮತ್ತೆ ಒಲೆಗೆ.

ಝೌಚೆಂಗ್‌ನ ಅಸಲಿ ಕೆಲಸದಲ್ಲಿ ಒಂದು ಹಾಸಿಗೆ ಹೊದಿಕೆಗೆ ಹೊಲಿಗೆ ಹಾಕುವುದಕ್ಕೇ ದಿನಗಟ್ಟಲೆ ಬೇಕು. ಒಂದು ಮಧ್ಯಾಹ್ನಕ್ಕೆ ಒಗ್ಗುವಂಥದ್ದು ಚಿಟ್ಟೆ ಹೂ ಅನ್ನುವ ವಿನ್ಯಾಸ. ಬಟ್ಟೆಯನ್ನು ಮಡಿಸಿ, ಮಡಿಕೆಯ ಅಂಚನ್ನು ಎಡಗೈ ಹೆಬ್ಬೆರಳು ತೋರುಬೆರಳ ನಡುವೆ ಹಿಡಿಯಿರಿ. ಗುರುತು ಹಾಕಿದ ಜಾಗದಿಂದ ಒಂದು ಸೆಂಟಿಮೀಟರ್ ಈ ಕಡೆ ಒಂದು ನೆರಿಗೆ, ಆ ಕಡೆ ಒಂದು ನೆರಿಗೆ ಹಿಂದಕ್ಕೆ ಮಡಚಿ. ಈಗ ಬೆರಳ ಸಂದಿಯಲ್ಲಿ ಸೀರೆ ನೆರಿಗೆಯ ಹಾಗೆ ನಾಲ್ಕು ಪದರ ನಿಂತಿರುತ್ತೆ. ಬುಡದಲ್ಲಿ ಸೂಜಿ ತೂರಿಸಿ, ದಾರವನ್ನು ಎರಡು ಸುತ್ತು ಬಿಗಿಯಾಗಿ ಸುತ್ತಿ, ಮತ್ತೊಮ್ಮೆ ತೂರಿಸಿ ಎಳೆಯಿರಿ. ಮೂರನೇ ಸುತ್ತು ಬೇಡ, ರೆಕ್ಕೆಯ ನಡುವಿನ ನೀಲಿ ಗೆರೆ ಮುಚ್ಚಿಹೋಗಿ ಬರೀ ಬಿಳಿ ಚುಕ್ಕೆ ಉಳಿಯುತ್ತೆ. ಎಳೆತ ಸಡಿಲವಾದರೆ ಚಿಟ್ಟೆಯ ಬದಲು ನೀಲಿ ಕಲೆ. ಹೊಸಬರಿಗೆ ಒಂದಕ್ಕೆ ಎರಡು ನಿಮಿಷ, ಒಂದು ತುಂಡಿಗೆ 25 ಚಿಟ್ಟೆ, ಹತ್ತಿರ ಹತ್ತಿರ ಒಂದು ಗಂಟೆ.

ದಾರದ ವಿಷಯದಲ್ಲಿ ನನ್ನ ಮಾತು ಕೇಳಿ. ಹತ್ತಿ ದಾರ ಹಾಕಿದರೆ ಅದೂ ಬಟ್ಟೆಯಷ್ಟೇ ನೀಲಿಯಾಗಿ ಒಳಗೆ ಕರಗಿಹೋಗುತ್ತೆ. ಬಿಚ್ಚುವಾಗ ಕತ್ತರಿ ದಾರದ ಬದಲು ಬಟ್ಟೆ ಕಚ್ಚುತ್ತೆ. ಮೂರು ಗಂಟೆ ಕಷ್ಟಪಟ್ಟ ಮಗು ಕೊನೇ ನಿಮಿಷದಲ್ಲಿ ತೂತು ನೋಡಿ ಅಳುವುದನ್ನು ಒಂದು ಸಲ ಕಂಡರೆ ಸಾಕು. ಪಾಲಿಯೆಸ್ಟರ್ ದಾರಕ್ಕೆ ನೀಲಿ ಅಂಟುವುದಿಲ್ಲ, ಬಿಳಿಯಾಗಿ ಎದ್ದು ಕಾಣುತ್ತೆ, ಎಳೆದರೆ ತುಂಡಾಗುವುದೂ ಇಲ್ಲ. ಕೊನೆಯಲ್ಲಿ ನಾಲ್ಕು ಸೆಂಟಿಮೀಟರ್ ಬಾಲ ಬಿಟ್ಟರೆ ಬಿಚ್ಚುವುದು ಇನ್ನೂ ಸಲೀಸು.

ಕಟ್ಟಿದ ಗಂಟುಗಳನ್ನು ಕಾಲು ಗಂಟೆ ಉಗುರುಬೆಚ್ಚನೆ ನೀರಲ್ಲಿ ಮುಳುಗಿಸಿ, ನೀರೊಳಗೇ ಹಿಸುಕಿ ಗಾಳಿ ಬಿಡಿಸಬೇಕು. ಬಾನಿಗೆ ಇಳಿಸುವುದು ಮೆಲ್ಲಗೆ, ಮೂರು ನಿಮಿಷ ಒಳಗೆ. ತೆಗೆಯುವಾಗ ಹಿಂಡುವುದೂ ನೀರಿನ ಮಟ್ಟದ ಕೆಳಗೇ. ಬಾನಿಯ ಮೇಲೆ ಎತ್ತಿ ಹಿಂಡಿದರೆ ತೊಟ್ಟಿಕ್ಕುವ ಒಂದೊಂದು ಹನಿಯೂ ಗಾಳಿ ಹೊತ್ತು ಒಳಗೆ ಹೋಗುತ್ತೆ. ಇಪ್ಪತ್ತು ಜನ ಐದೈದು ಸಲ ಹೀಗೆ ಮಾಡಿದರೆ ಬಾನಿ ಉಳಿಯುವುದಿಲ್ಲ. ಇದಕ್ಕೇ ಒಬ್ಬರನ್ನು ಬಾನಿಯ ಪಕ್ಕ ನಿಲ್ಲಿಸಿದ್ದೇನೆ, ಬೇರೆ ಕೆಲಸ ಅವರಿಗಿಲ್ಲ. ಹೊರಗೆ ಏಳು ಎಂಟು ನಿಮಿಷ, ಹಸಿರು ಹೋಗಿ ನೀಲಿ ತುಂಬುವವರೆಗೆ. ಹೀಗೆ ಐದು ಸುತ್ತು. ಒಂದೇ ಸಲ ಇಪ್ಪತ್ತು ನಿಮಿಷ ಬಿಟ್ಟರೆ ಗಾಢ ಬರುತ್ತೆ ಅನ್ನುವುದು ತಪ್ಪು, ಬಣ್ಣ ಪದರ ಪದರವಾಗಿಯೇ ಕೂರಬೇಕು. ಕೊನೆಗೆ ನೀರು ತಿಳಿಯಾಗುವವರೆಗೆ ಜಾಲಿಸಿ, ಹತ್ತು ಲೀಟರಿಗೆ 50 ಮಿಲಿ ವಿನೆಗರ್ ಹಾಕಿದ ನೀರಲ್ಲಿ ಹತ್ತು ನಿಮಿಷ, ಬಿಚ್ಚಿ ಮತ್ತೊಮ್ಮೆ ತೊಳೆದರೆ ಮುಗಿಯಿತು. ತೊಳೆದ ನೀರನ್ನು ಚರಂಡಿಗೆ ಬಿಡುವ ಹಾಗಿಲ್ಲ. 2017ರಲ್ಲಿ ಎರ್‌ಹಾಯ್ ನೀರು ಉಳಿಸಲು ದಡದ ವಸತಿಗೃಹಗಳನ್ನೇ ಮುಚ್ಚಿಸಿದ ಊರು ಇದು. ಹುದುಗು ಬಾನಿಯನ್ನಂತೂ ಚೆಲ್ಲುವ ಪ್ರಶ್ನೆಯೇ ಬರುವುದಿಲ್ಲ, ನನ್ನ ಹಳೆಯ ಬಾನಿ ಎರಡನೇ ವರ್ಷದಲ್ಲಿದೆ.

ನಡುವೆ ಒಂದೆರಡು ಪ್ರಯೋಗ. ಮಾಲ್ಟ್ ಪಾಕದ ಬದಲು ಯುನ್ನಾನ್ ಬೆಲ್ಲ ಹಾಕಿದೆ. ಇಲ್ಲೂ ಕಬ್ಬು ಬೆಳೆಯುತ್ತಾರೆ, ಬೆಲ್ಲ ನಮ್ಮದರಂತೆಯೇ ಅಚ್ಚು. ಬಾನಿ ಬೇಗ ಎದ್ದಿತು, ಅಷ್ಟೇ ಬೇಗ ಹುಳಿಯಿತು, ದಿನಕ್ಕೆರಡು ಸಲ ಪಿಎಚ್ ನೋಡುವ ಸಹನೆ ಇದ್ದವರಿಗೆ ಮಾತ್ರ. ಕೊಳೆತ ಬಾಳೆಹಣ್ಣು ಬೇಡವೇ ಬೇಡ, ನಾರು ಬಟ್ಟೆಗೆ ಅಂಟಿ ಕಲೆ ಮಾಡಿತು. ದಕ್ಷಿಣ ಭಾರತದ ಹಳೇ ಬಾನಿಗಳಲ್ಲಿ ತಗಚೆ ಬೀಜ ಬೇಯಿಸಿ ಹಾಕುತ್ತಿದ್ದರಲ್ಲ, ಅದರ ನೆನಪಾಗಿ ಹುಡುಕಿದರೆ ಇಲ್ಲಿನ ಔಷಧಿ ಅಂಗಡಿಗಳಲ್ಲೆಲ್ಲ ಜುಯೆಮಿಂಗ್‌ಝಿ ಅನ್ನುವ ಹೆಸರಲ್ಲಿ ಟೀ ಮಾಡಿ ಕುಡಿಯಲು ಅದೇ ಬೀಜ! ಹೆಚ್ಚಿನದು ಹುರಿದದ್ದು, ಅದು ನನಗೆ ಫಲ ಕೊಡಲಿಲ್ಲ. ಹಸಿ ಬೀಜ ಕೇಳಿ ತಂದು, ಒಂದು ಕಿಲೋವನ್ನು ಲೋಳೆಯಾಗುವವರೆಗೆ ಬೇಯಿಸಿ ಹಾಕಿದ ಬಾನಿ ಹನ್ನೆರಡನೇ ದಿನ ಎದ್ದಿತು. ನಿಧಾನ, ಆದರೆ ನಾಲ್ಕರಲ್ಲಿ ಅತಿ ಸ್ಥಿರವಾಗಿರುವುದು ಅದೇ.

ದುಡ್ಡಿನ ಮಾತು. ಡ್ರಮ್, ಮೀಟರ್, ಹೀಟರ್, ನಾಲ್ಕು ಬಾನಿ ತುಂಬಿಸಿದ್ದು, ಸೋಲಿನ ಎರಡು ಸಾವಿರ, ಎಲ್ಲ ಸೇರಿ ಆರು ಸಾವಿರ ಯುವಾನ್, ನಮ್ಮ ಲೆಕ್ಕದಲ್ಲಿ ಎಪ್ಪತ್ತು ಸಾವಿರ ರೂಪಾಯಿ ಚಿಲ್ಲರೆ. ಒಬ್ಬರಿಗೆ 128 ಯುವಾನ್, ಇಪ್ಪತ್ತು ಜನಕ್ಕೆ 2,560. ಬಟ್ಟೆ 180, ದಾರ ಕೈಗವಸು 60, ಬಾನಿಯ ಸವಕಳಿ ಮತ್ತು ಉಣಿಸು 150, ಸಹಾಯಕ್ಕೆ ಬರುವ ಇಬ್ಬರು ಬಾಯ್ ಅಕ್ಕಂದಿರಿಗೆ 400, ಜಾಗದ ಬಾಡಿಗೆ 350, ನೀರು ವಿದ್ಯುತ್ 40. ಕೈಗೆ ಉಳಿಯುವುದು 1,380. ಹೈಡ್ರೋಸ್ ಬಾನಿಯಾದರೆ ಆ 150ರ ಜಾಗದಲ್ಲಿ 40 ಸಾಕಿತ್ತು. ತಲೆಗೆ ಐದಾರು ಯುವಾನ್ ವ್ಯತ್ಯಾಸ. ಹುದುಗು ಬಾನಿ ದುಬಾರಿ ಅನ್ನುವವರು ಈ ಲೆಕ್ಕ ಹಾಕಿ ನೋಡಲಿ.

ಚಾಂದ್ರಮಾನ ಆರನೇ ತಿಂಗಳ 25ಕ್ಕೆ ಬಾಯ್ ಜನರ ಪಂಜಿನ ಹಬ್ಬ. ಊರ ನಡುವೆ ಹತ್ತು ಮೀಟರಿಗೂ ಎತ್ತರದ ಪಂಜು ನಿಲ್ಲಿಸಿ ಕಾಗದದ ಬಾವುಟ, ಹಣ್ಣು ಕಟ್ಟುತ್ತಾರೆ. ಉರಿಯುವ ಪಂಜಿಗೆ ಪೈನ್ ರಾಳದ ಪುಡಿ ಎರಚಿದರೆ ಭಗ್ಗನೆ ಜ್ವಾಲೆ ಏಳುತ್ತೆ, ಅದು ಹರಕೆ. ರಾಳದ ಪುಡಿಯನ್ನು ಕಾರ್ಯಾಗಾರದ ಒಳಗೆ ತರಲು ನಾನು ಬಿಡುವುದಿಲ್ಲ, ಬೀದಿಯಲ್ಲಿ ಊರವರ ಕೈಯಲ್ಲೇ ಇರಲಿ. ನಾವು ಮಾಡುವುದು ಉಗುರು ಬಣ್ಣ. ಗಂಡನನ್ನು ಸುಟ್ಟು ಕೊಂದ ಬೆಂಕಿಯ ಬೂದಿಯನ್ನು ಬರಿಗೈಯಲ್ಲಿ ಕೆದಕಿ ಬೆರಳು ರಕ್ತವಾದ, ಇಲ್ಲಿನ ದಂತಕಥೆಯ ಬಾಯ್‌ಜ್ಯೆ ರಾಣಿಯ ನೆನಪಿಗೆ ಹೆಂಗಸರು ಅವತ್ತು ಉಗುರು ಕೆಂಪು ಮಾಡಿಕೊಳ್ಳುತ್ತಾರೆ. ಗಿಡ ನಮ್ಮ ಗೌರಿ ಹೂವೇ, ಕರ್ಣಕುಂಡಲ (ಬಾಲ್ಸಮ್) ಅನ್ನುವುದು. ಗೋರಂಟಿಯಲ್ಲಿರುವ ಲಾಸೋನ್ ಬಣ್ಣ ಇದರಲ್ಲೂ ಇದೆ. ಇಲ್ಲಿನವರು ಬೇರನ್ನೇ ಹೆಚ್ಚು ಬಳಸುತ್ತಾರೆ: ಬೇರು ಒಂದು ಹಿಡಿ, ಪಟಿಕ ಕಾಲು ಚಮಚ, ಕಲ್ಲಲ್ಲಿ ಜಜ್ಜಿ ಉಗುರಿನ ಮೇಲಷ್ಟೇ ಗುಡ್ಡೆ ಮಾಡಿ ಎಲೆ ಸುತ್ತುವುದು. ಪಟಿಕ ಜಾಸ್ತಿಯಾದರೆ ಚರ್ಮ ಉರಿಯುತ್ತೆ.

ಮೊದಲ ವರ್ಷ ಇದನ್ನು ಬೆಳಿಗ್ಗೆಯೇ ಮಾಡಿಸಿ ಕೆಟ್ಟೆ. ಎಲೆ ಸುತ್ತಿದ ಬೆರಳಲ್ಲಿ ಸೂಜಿ ಹಿಡಿಯಲಾಗಲಿಲ್ಲ, ಎರಡು ಗಂಟೆಗೆ ಬಿಚ್ಚಿದರೆ ಬರೀ ಕಿತ್ತಳೆ ಬಣ್ಣ, ಅದರ ಮೇಲೆ ಕೈಗವಸಿನ ತೂತಿನಿಂದ ನೀಲಿ. ಈಗ ಬಟ್ಟೆ ತೊಳೆದು ಹರವಿದ ಮೇಲೆ ಕಟ್ಟುತ್ತೇವೆ. ಬೆರಳಿಗೆ ಎಲೆ ಸುತ್ತಿಕೊಂಡೇ ಎಲ್ಲರೂ ಪಂಜು ನೋಡಲು ಹೋಗುತ್ತಾರೆ, ಬೆಳಿಗ್ಗೆ ಬಿಚ್ಚಿದರೆ ಇಟ್ಟಿಗೆ ಕೆಂಪು. ಎಲೆಯ ಮೇಲೆ ಕಟ್ಟಲು ಮಾತ್ರ ಪಾಲಿಯೆಸ್ಟರ್ ದಾರ ಬೇಡ, ಜಾರಿ ರಾತ್ರಿಯೇ ಬಿಚ್ಚಿಹೋಗುತ್ತೆ. ಇಲ್ಲಿಗೆ ಹತ್ತಿ ದಾರವೇ ಸರಿ, ಒದ್ದೆ ಮಾಡಿ ಕಟ್ಟಿ.